ರಾಕ್ ಶೋಗೆ ಹೋಗೋರು ಕಿವಿಗೆ ಪ್ಲಗ್ ಇಲ್ಲದೆ ಹೋಗಬೇಡಿ

ಅಕ್ಕನ ಮಗ ಮುಂದಿನ ತಿಂಗಳು ಮೊದಲ ಸಲ ದೊಡ್ಡ ರಾಕ್ ಶೋ ಒಂದಕ್ಕೆ ಹೋಗುತ್ತಿದ್ದಾನೆ. ಮೊನ್ನೆ ಫೋನ್ ಮಾಡಿ, "ಮಾಮ, ಸ್ಟೇಜ್ ಹತ್ರಾನೇ ಜಾಗ ಸಿಗಬೇಕು ಅಂದ್ರೆ ಎಷ್ಟು ಹೊತ್ತಿಗೆ ಹೋಗಿ ನಿಲ್ಲಬೇಕು?" ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಅವನ ವಯಸ್ಸಿನಲ್ಲಿ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

2011ರ ಅಕ್ಟೋಬರ್ 30, ಭಾನುವಾರ. ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ರಾಕ್ ಬ್ಯಾಂಡ್ ಮೆಟಾಲಿಕಾದ ಶೋ. ತೀರ್ಥಹಳ್ಳಿ ಕಡೆಯ ಹುಡುಗ ನಾನು. ಪಿಯುಸಿಯಲ್ಲಿ ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್ ಕೇಳಿ ಈ ಬ್ಯಾಂಡಿಗೆ ಮರುಳಾದವನು. ಅವರು ಭಾರತಕ್ಕೆ ಬಂದು ನುಡಿಸುತ್ತಾರೆ ಅಂತ ಕನಸಲ್ಲೂ ಎಣಿಸಿರಲಿಲ್ಲ. ಎರಡು ದಿನ ಮೊದಲು, ಶುಕ್ರವಾರ, ಗುರ್‌ಗಾಂವ್‌ನಲ್ಲಿ ಆಗಬೇಕಿದ್ದ ಶೋ ಕೊನೇ ಗಳಿಗೆಯಲ್ಲಿ ನಿಂತುಹೋಗಿತ್ತು. ನಮ್ಮದೂ ಹಾಗೇ ಆಗುತ್ತೇನೋ ಎಂದು ಎರಡು ರಾತ್ರಿ ನಿದ್ದೆ ಇಲ್ಲ. ಆ ಶೋ ನಿಂತಿದ್ದರಿಂದ ಬೆಂಗಳೂರಿನದೇ ಅವರ ಮೊದಲ ಭಾರತದ ಶೋ ಆಯಿತು. ಬೆಳಿಗ್ಗೆಯೇ ಹೋಗಿ ಗೇಟಿನ ಮುಂದೆ ನಿಂತೆ. ಬಿಟ್ಟ ತಕ್ಷಣ ಓಡಿದೆ. ಸ್ಟೇಜಿನ ಎಡಗಡೆ, ಬ್ಯಾರಿಕೇಡಿಗೆ ಎದೆ ಆನಿಸಿ ನಿಲ್ಲುವ ಜಾಗ ಸಿಕ್ಕಿತು. ನನ್ನ ಬಲಕ್ಕೆ ಸ್ಟೇಜ್. ಎದುರಿಗೇ, ನಾಲ್ಕೈದು ಮಾರು ದೂರದಲ್ಲಿ, ಆಳೆತ್ತರದ ಸ್ಪೀಕರ್‌ಗಳ ರಾಶಿ.

ಅವರು ಬರುವ ಮೊದಲು ಹಾಕುವ ಆ ಹಳೇ ಕೌಬಾಯ್ ಸಿನಿಮಾದ ಸಂಗೀತ ಶುರುವಾದಾಗ ನಾನು ಅತ್ತುಬಿಟ್ಟೆ. ಆಮೇಲೆ ಸುಮಾರು ಎರಡು ಗಂಟೆ ನನಗೆ ಲೋಕವೇ ಗೊತ್ತಿರಲಿಲ್ಲ. ಜೇಮ್ಸ್ ಹೆಟ್‌ಫೀಲ್ಡ್ ಕಣ್ಣೆದುರಿಗೆ ನಿಂತು ಹಾಡುತ್ತಿದ್ದಾರೆ. ಲಾರ್ಸ್ ಉಲ್‌ರಿಕ್ ಡ್ರಮ್‌ನ ಒಂದೊಂದು ಪೆಟ್ಟಿಗೂ ಅಂಗಿ ಮೈಗೆ ಬಡಿಯುತ್ತಿದೆ. ನಡುವೆ ಒಂದು ಸಲ ಎಡಕಿವಿ ಚುರ್ರ್ ಅಂದಿತು. ಅಂಗೈಯಿಂದ ಒಂದು ನಿಮಿಷ ಮುಚ್ಚಿಕೊಂಡೆ, ಮತ್ತೆ ಕೈ ತೆಗೆದೆ. ಅಲ್ಲಿಂದ ಹಿಂದೆ ಸರಿಯಬೇಕಿತ್ತು. ಆದರೆ ಬೆಳಿಗ್ಗೆಯಿಂದ ಕಾದು ಹಿಡಿದ ಜಾಗವನ್ನು ಯಾರು ಬಿಡುತ್ತಾರೆ?

ಹೊರಗೆ ಬಂದಾಗ ಮೇಖ್ರಿ ಸರ್ಕಲ್ ಕಡೆಯ ಟ್ರಾಫಿಕ್ಕೆಲ್ಲ ಕಂಬಳಿ ಹೊದಿಸಿದ ಹಾಗೆ ಕೇಳುತ್ತಿತ್ತು. ಗೆಳೆಯ ಮಾತಾಡಿದ್ದು ತುಟಿ ನೋಡಿ ತಿಳಿಯಬೇಕು. ರಾತ್ರಿ ದಿಂಬಿಗೆ ತಲೆ ಕೊಟ್ಟಾಗ ಕೀ ಎನ್ನುವ ಸದ್ದು ಶುರುವಾಯಿತು. ಮಲೆನಾಡಿನವರಿಗೆ ಬೇರೆ ವಿವರಣೆ ಬೇಡ. ಜೀರುಂಡೆ. ನಿಲ್ಲದ ಜೀರುಂಡೆ. ಎಲ್ಲರಿಗೂ ಹಾಗಾಗುತ್ತೆ, ನಾಳೆ ಹೋಗುತ್ತೆ ಎಂದರು ಗೆಳೆಯರು. ಅವರದ್ದು ಹೋಯಿತು. ನನ್ನದು ಇವತ್ತಿಗೂ ಇದೆ. ಇದನ್ನು ಬರೆಯುವಾಗಲೂ ಕೂಗುತ್ತಿದೆ. ಊರಿಗೆ ಹೋದಾಗ ಸಂಜೆ ಜಗಲಿಯಲ್ಲಿ ಕೂತರೆ ಜೀರುಂಡೆ ತೋಟದಲ್ಲಿದೆಯೋ ನನ್ನ ತಲೆಯಲ್ಲಿದೆಯೋ ಗೊತ್ತಾಗುವುದಿಲ್ಲ. ಚಿಕ್ಕಂದಿನಿಂದ ಇಷ್ಟಪಟ್ಟ ಸದ್ದು ಅದು. ಈಗ ಕೇಳಿದರೆ ಸಂಕಟವಾಗುತ್ತದೆ.

ಡಾಕ್ಟರ ಹತ್ತಿರ ಹೋಗಿದ್ದು ಐದು ತಿಂಗಳ ಮೇಲೆ. ಸದ್ದೇ ಬರದ ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಆಮೇಲೆ ಗ್ರಾಫ್ ತೋರಿಸಿದರು. ಗೆರೆ ನೆಟ್ಟಗೆ ಬಂದು, ಕೀಚಲು ಸದ್ದುಗಳ ಕಡೆ, 4000 ಹರ್ಟ್ಸ್ ಹತ್ತಿರ ಹಳ್ಳಕ್ಕೆ ಬಿದ್ದು ಮತ್ತೆ ಮೇಲೆದ್ದಿತ್ತು. ಜೋರು ಸದ್ದಿನಿಂದ ಕೆಟ್ಟ ಕಿವಿಯ ಗುರುತೇ ಈ ಹಳ್ಳವಂತೆ. ಕಿವಿಯ ಒಳಗೆ ಸಾವಿರಾರು ಸಣ್ಣ ಕೂದಲಿನಂಥ ಜೀವಕೋಶಗಳಿವೆ. ಗದ್ದೆಯ ಸಸಿ ಇದ್ದ ಹಾಗೆ. ಸ್ವಲ್ಪ ತುಳಿದರೆ ಬಾಗಿ ಮತ್ತೆ ಏಳುತ್ತವೆ, ಜಾಸ್ತಿ ತುಳಿದರೆ ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಇದಕ್ಕೆ ಮಾತ್ರೆ ಇಲ್ಲ, ಆಪರೇಷನ್ ಇಲ್ಲ.

ಸ, ಶ, ತ ಇಂಥ ಕೀಚಲು ಸದ್ದಿನ ಅಕ್ಷರಗಳು ಗದ್ದಲದಲ್ಲಿ ನನಗೆ ಸರಿಯಾಗಿ ಕೇಳುವುದಿಲ್ಲ. ಹೆಂಡತಿ ಅಡಿಗೆಮನೆಯಿಂದ "ಸೊಪ್ಪು ತಗೊಂಡು ಬನ್ನಿ" ಅಂದರೆ ನನಗೆ ಕೇಳಿಸುವುದು "ಉಪ್ಪು". ಮಗಳು ಮೆಲ್ಲಗೆ ಕಿವಿಯಲ್ಲಿ ಗುಟ್ಟು ಹೇಳಲು ಬಂದರೆ ಬಲಗಡೆಗೆ ಬಾ ಎನ್ನಬೇಕು. ಇದು ನನಗೆ ತುಂಬಾ ನೋವು ಕೊಡುವ ವಿಷಯ.

ಆಮೇಲೆ ಓದಿ ತಿಳಿದುಕೊಂಡ ಲೆಕ್ಕ ಇದು. ಸದ್ದು ಎಷ್ಟು ಜೋರು ಎಂದು ಅಳೆಯುವುದು ಡೆಸಿಬಲ್‌ನಲ್ಲಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಬಂದರೆ ಬರೀ 15 ನಿಮಿಷ. ರಾಕ್ ಶೋಗಳಲ್ಲಿ ಸದ್ದು ಸುಲಭವಾಗಿ 100 ದಾಟುತ್ತದೆ, ಸ್ಪೀಕರ್ ಬುಡದಲ್ಲಂತೂ ಇನ್ನೂ ಜಾಸ್ತಿ. ನಾನು ನಿಂತಿದ್ದು ಎರಡು ಗಂಟೆ! ಸಂಗೀತದ ಜಾಗಗಳಲ್ಲಿ ಸರಾಸರಿ ಸದ್ದು 100 ಡೆಸಿಬಲ್ ಮೀರಬಾರದು, ಜನರಿಗೆ ಪ್ಲಗ್ ಸಿಗುವಂತಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಆದರೆ ನಿಮ್ಮ ಊರಿನ ಮೈದಾನದಲ್ಲಿ ಅದು ಪಾಲನೆಯಾಗುತ್ತದೆ ಎಂದು ನಂಬಿ ಕೂರಬೇಡಿ.

ಪ್ಲಗ್ ಹಾಕಿದರೆ ಮಜಾ ಹೋಗುತ್ತೆ ಅನ್ನೋರಿಗೆ ಒಂದು ಮಾತು. ಅಂದು ನನ್ನೆದುರು ಡ್ರಮ್ ಬಾರಿಸಿದ ಲಾರ್ಸ್ ಅವರಿಗೇ ಈ ಕಿವಿ ಮೊರೆತ ಇದೆ. ಕೋಲ್ಡ್‌ಪ್ಲೇ ಬ್ಯಾಂಡಿನ ಹಾಡುಗಾರ ಕ್ರಿಸ್ ಮಾರ್ಟಿನ್‌ಗೂ ಇದೆ. ಎಸಿ/ಡಿಸಿ ಬ್ಯಾಂಡಿನ ಹಾಡುಗಾರ ಬ್ರಯಾನ್ ಜಾನ್ಸನ್ 2016ರಲ್ಲಿ ಕಿವಿಯ ಕಾರಣಕ್ಕೇ ಟೂರ್ ಅರ್ಧಕ್ಕೆ ಬಿಡಬೇಕಾಯಿತು. ಸಂಗೀತವೇ ಜೀವನ ಅಂದುಕೊಂಡವರ ಪಾಡೇ ಹೀಗೆ. ಎದೆಗೆ ಬಡಿಯುವ ಬೇಸ್ ಅನ್ನು ಪ್ಲಗ್ ಕಸಿಯುವುದಿಲ್ಲ, ಅದು ಮೈಯಿಂದಲೇ ಗೊತ್ತಾಗುತ್ತದೆ. ಈಗ ನಾನು ಪ್ಲಗ್ ಹಾಕಿಕೊಂಡೇ ಶೋಗಳಿಗೆ ಹೋಗುತ್ತೇನೆ. ಕಿರುಚಾಟ ಇಳಿದು ಹಾಡಿನ ಸಾಹಿತ್ಯ ಇನ್ನೂ ಚೆನ್ನಾಗಿ ಕೇಳುತ್ತದೆ.

ಮೆಡಿಕಲ್ ಶಾಪಲ್ಲಿ ಸ್ಪಂಜಿನ ಪ್ಲಗ್ ಕಡಿಮೆ ದುಡ್ಡಿಗೆ ಸಿಗುತ್ತದೆ. ಸುಮ್ನೆ ತುರುಕಿದರೆ ಕೆಲಸ ಮಾಡಲ್ಲ. ಬೆರಳಲ್ಲಿ ಹೊಸೆದು ಬತ್ತಿಯಷ್ಟು ಸಣ್ಣಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಹಿಡಿದು ಒಳಗೆ ಸೇರಿಸಿ. ಅದು ಹಿಗ್ಗುವವರೆಗೆ ಅರ್ಧ ನಿಮಿಷ ಬೆರಳಿಂದ ಒತ್ತಿಕೊಂಡಿರಿ. ನಿಮ್ಮ ದನಿ ನಿಮಗೇ ಗವಿಯೊಳಗಿನ ಹಾಗೆ ಕೇಳಿದರೆ ಸರಿಯಾಗಿ ಕೂತಿದೆ ಎಂದರ್ಥ. ಹತ್ತಿ ಇಟ್ಟುಕೊಳ್ಳಬೇಡಿ, ಅದು ಸದ್ದನ್ನು ತಡೆಯುವುದಿಲ್ಲ. ಸ್ಪೀಕರ್ ಎದುರು ನಿಲ್ಲಬೇಡಿ, ಮೈದಾನದ ಮಧ್ಯಕ್ಕೆ ಬನ್ನಿ. ನಡುವೆ ಹತ್ತು ಹದಿನೈದು ನಿಮಿಷ ದೂರ ಹೋಗಿ ಕಿವಿಗೆ ಬಿಡುವು ಕೊಡಿ. ಗಣೇಶನ ಮೆರವಣಿಗೆಯಲ್ಲಿ ಡಿಜೆ ಮುಂದೆ ಕುಣಿಯೋರಿಗೂ, ಮಗುವನ್ನು ಹೆಗಲ ಮೇಲೆ ಹೊತ್ತು ತರೋರಿಗೂ ಇದೇ ಮಾತು.

ಮಾರನೇ ದಿನವೂ ಮೊರೆತ ನಿಲ್ಲದಿದ್ದರೆ, ಇಲ್ಲವೇ ಒಂದು ಕಿವಿ ಮಂದವಾಗಿದ್ದರೆ, ನನ್ನ ಹಾಗೆ ತಿಂಗಳುಗಟ್ಟಲೆ ಕಾಯಬೇಡಿ. ಅಂದೇ ಕಿವಿ ಡಾಕ್ಟರ ಹತ್ತಿರ ಹೋಗಿ. ತಟ್ಟನೆ ಕೇಳದಾದ ಕಿವಿಗೆ ಔಷಧಿ ಕೊಡುವುದಾದರೆ ಮೊದಲ ಕೆಲವು ದಿನಗಳಲ್ಲೇ ಕೊಡಬೇಕು. ಮೈಸೂರು ಕಡೆಯವರಿಗೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕಿವಿ ಪರೀಕ್ಷೆ ಅಲ್ಲೇ ಆಗುತ್ತದೆ.

ಅಕ್ಕನ ಮಗನಿಗೆ ಎರಡು ಜೊತೆ ಪ್ಲಗ್ ಕೊರಿಯರ್ ಮಾಡಿದ್ದೇನೆ. ಒಂದು ಅವನಿಗೆ, ಇನ್ನೊಂದು ಪಕ್ಕದಲ್ಲಿ ನಿಲ್ಲುವ ಗೆಳೆಯನಿಗೆ.