150 ಬನ್ನು, 14 ಕಡಿಮೆ

ಮೊದಲೇ ಹೇಳಿಬಿಡ್ತೀನಿ, ಈ ಹಾಟ್ ಕ್ರಾಸ್ ಬನ್ನು ಮಾಡಿಕೊಟ್ಟ ಬೇಕರಿಯ ಹೆಸರು ಹಾಕುವುದಿಲ್ಲ. ಹಾಕಿದರೆ ಮುಂದಿನ ವರ್ಷ ನನಗೇ ಬನ್ನು ಸಿಗುವುದಿಲ್ಲ. ಬೆಂಗಳೂರಿನ ಕಾಕ್ಸ್ ಟೌನ್ ಮಾರ್ಕೆಟ್ಟಿನಿಂದ ಫ್ರೇಜರ್ ಟೌನ್ ಕಡೆಗೆ ಅಡ್ಡರಸ್ತೆಗಳಲ್ಲಿ ನಡೆದು ಬಂದರೆ ಮೂಗೇ ದಾರಿ ತೋರಿಸುತ್ತದೆ. ಅಷ್ಟು ಸಾಕು.

ಇನ್ನೊಂದು ಮಾತು. ಇದನ್ನು ಬರೆಯುತ್ತಿರುವವಳು ಈ ಸಲದ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಸಿಹಿ ಬಿಟ್ಟಿದ್ದವಳು. 2025ರ ಮಾರ್ಚ್ 5, ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ. ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವಳೇ ಮನೆಯಲ್ಲಿ ಘೋಷಣೆ ಮಾಡಿದೆ. ಈಸ್ಟರ್ ತನಕ ಟೀಗೆ ಸಕ್ಕರೆ ಇಲ್ಲ, ಸ್ವೀಟು ಇಲ್ಲ, ಬಿಸ್ಕೆಟ್ಟೂ ಇಲ್ಲ. ಮಾರನೇ ದಿನ ಸಂಜೆ ನಮ್ಮ ವಲಯದ, ಅಂದರೆ ಚರ್ಚಿಗೆ ಸೇರಿದ ನಮ್ಮ ಸುತ್ತಲಿನ ಮನೆಗಳ ಗುಂಪಿನ, ಮೀಟಿಂಗು. ಶುಭ ಶುಕ್ರವಾರದ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಗಂಜಿ ಕೊಡುತ್ತೀವಲ್ಲ, ಈ ಸಲ ಅದರ ಜೊತೆ ಆಳಿಗೊಂದು ಹಾಟ್ ಕ್ರಾಸ್ ಬನ್ ಕೊಡೋಣ ಅಂತ ತೀರ್ಮಾನ ಆಯಿತು. 150 ಬನ್ನು. ಬೇಕರಿ ನೋಡಿ, ರುಚಿ ನೋಡಿ, ಆರ್ಡರ್ ಕೊಡುವ ಕೆಲಸ ಯಾರಿಗೆ ಬಿತ್ತು? ಗೊತ್ತಾಯಿತಲ್ಲ.

ಈ ಬನ್ನು ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮೈದಾ, ಹಾಲು, ಬೆಣ್ಣೆ, ಯೀಸ್ಟ್, ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಜೊತೆಗೆ ಚಕ್ಕೆ, ಲವಂಗ, ಜಾಯಿಕಾಯಿ. ಮೇಲೆ ಶಿಲುಬೆಯ ಗುರುತು. ಇದು ಇಂಗ್ಲಿಷರ ತಿಂಡಿ. 1592ರಲ್ಲೇ ಲಂಡನ್ನಿನಲ್ಲಿ ಮಸಾಲೆ ಬನ್ನನ್ನು ಶುಭ ಶುಕ್ರವಾರ, ಕ್ರಿಸ್ಮಸ್ ಮತ್ತು ಸಾವಿನ ಮನೆಗೆ ಬಿಟ್ಟು ಬೇರೆ ಹೊತ್ತಿನಲ್ಲಿ ಮಾರಬಾರದು ಅಂತ ಕಟ್ಟಳೆ ಮಾಡಿದ್ದರು. ಬೆಂಗಳೂರಿಗೆ ಬ್ರಿಟಿಷರ ದಂಡು, ಅಂದರೆ ಕಂಟೋನ್ಮೆಂಟು, ಬಂದಿದ್ದು 1809ರಲ್ಲಿ. ದಂಡಿನ ಹಿಂದೆ ಬೇಕರಿ, ಬೇಕರಿಯ ಹಿಂದೆ ಈ ಬನ್ನು. ಅದಕ್ಕೇ ನಮ್ಮ ಕಡೆ ಸಿಗುವಷ್ಟು ಬಸವನಗುಡಿ ಕಡೆ ಸಿಗುವುದಿಲ್ಲ.

ನಮ್ಮತ್ತೆ ಹಾರೋಬೆಲೆಯವರು. ಕನಕಪುರದ ಆಚೆ, ಶುಭ ಶುಕ್ರವಾರ ಬಂತು ಅಂದರೆ ಯೇಸುಸ್ವಾಮಿಯ ಪಾಡುಗಳನ್ನು, ಅಂದರೆ ಶಿಲುಬೆಯ ಸಂಕಟಗಳನ್ನು, ನಾಟಕ ಆಡುವ ಊರು. ಮದುವೆಯಾಗಿ ಬೆಂಗಳೂರಿಗೆ ಬರುವ ತನಕ ಅವರು ಈ ಬನ್ನು ಕಂಡಿರಲಿಲ್ಲ. "ನಮಗೆ ಗಂಜಿ, ಉಪ್ಪಿನಕಾಯಿ. ಬೆಣ್ಣೆ ಸವರಿಕೊಂಡು ಬನ್ನು ತಿಂದರೆ ಅದೆಂಥ ಉಪವಾಸ ಕಣಮ್ಮ?" ಅಂತ ಪ್ರತಿ ವರ್ಷ ಕೇಳುತ್ತಾರೆ. ಪ್ರತಿ ವರ್ಷ ಒಂದು ತಿನ್ನುತ್ತಾರೆ. ಚರ್ಚಿನ ನಿಯಮದ ಪ್ರಕಾರ ಉಪವಾಸ 18ರಿಂದ 59 ವರ್ಷದವರಿಗೆ. ಅತ್ತೆಗೆ 74. ನನಗೆ 43, ತಪ್ಪಿಸಿಕೊಳ್ಳುವ ಹಾಗಿಲ್ಲ.

ಮಾರ್ಚ್ 7, ತಪಸ್ಸು ಕಾಲದ ಮೊದಲ ಶುಕ್ರವಾರ, ಆಫೀಸಿನಿಂದ ಬರುತ್ತಾ ಮಾಸ್ಕ್ (ಮಸೀದಿ) ರೋಡಿಗೆ ಹೋದೆ. ಈ ವರ್ಷ ರಂಜಾನ್ ಉಪವಾಸವೂ ಅದೇ ವಾರ ಶುರುವಾಗಿತ್ತು. ಇಫ್ತಾರ್ ಹೊತ್ತು. ಸಮೋಸ ಕರಿಯುವ ವಾಸನೆ, ಖರ್ಜೂರದ ಗುಡ್ಡೆ, ಕಾಲಿಡಲು ಜಾಗ ಇಲ್ಲ. 1902ರಿಂದ ಇರುವ ಆಲ್ಬರ್ಟ್ ಬೇಕರಿ ಮುಂದಂತೂ ಕೇಳುವುದೇ ಬೇಡ. ಅವರ ಬನ್ನಿನ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ನಾನು ಹೊಸದಾಗಿ ಹೇಳಬೇಕಿಲ್ಲ. 150 ಬನ್ನಿಗೆ ಆ ಗುಂಪಿನಲ್ಲಿ ನಿಲ್ಲುವ ಧೈರ್ಯವೂ ನನಗಿರಲಿಲ್ಲ. ಅದಕ್ಕೇ ಸಣ್ಣ ಬೇಕರಿ ಹುಡುಕಿದೆ.

ಒಟ್ಟು ಮೂರು ಕಡೆಯ ಬನ್ನು ತರಿಸಿದೆ. ಒಂದು, ಮೊಬೈಲ್ ಆ್ಯಪಿನಲ್ಲಿ ಸಿಗುವ ಒಂದು ಕೇಕ್ ಅಂಗಡಿಯದು. ಇನ್ನೊಂದು, ಮನೆ ಹತ್ತಿರದ ಅಯ್ಯಂಗಾರ್ ಬೇಕರಿಯವರು ಕೇಳಿದ್ದಕ್ಕೆ ಮಾಡಿಕೊಟ್ಟಿದ್ದು. ಮೂರನೆಯದು ಈ ಬೇಕರಿಯದು. ರುಚಿ ನೋಡಿದ್ದು ಭಾನುವಾರ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದ ತನಕ ಎಣಿಸಿದರೆ 46 ದಿನ ಆಗುತ್ತದೆ, ಆರು ಭಾನುವಾರ ಕಳೆದರೇನೇ 40. ಹಾಗಾಗಿ ಭಾನುವಾರ ತಿಂದರೆ ತಪ್ಪಿಲ್ಲ ಅಂತ ನಮ್ಮ ಮನೆಯವರ ವಾದ. ಅವರು ಬಿಟ್ಟಿದ್ದು ಮಟನ್ನು. ಅವರಿಗೆ ಈ ಲೆಕ್ಕ ಬಹಳ ಚೆನ್ನಾಗಿ ಬರುತ್ತದೆ. ನಾನು ಒಂದೊಂದು ತುತ್ತು ಮಾತ್ರ ಬಾಯಿಗೆ ಹಾಕಿಕೊಂಡೆ, ವಲಯದ ಕೆಲಸ ಅಂತ.

ಆ್ಯಪಿನ ಬನ್ನಿನ ಮೇಲೆ ಬಿಳಿ ಐಸಿಂಗಿನ ಶಿಲುಬೆ. ಡಬ್ಬಿ ಮುಚ್ಚಳಕ್ಕೆ ಅರ್ಧ ಅಂಟಿಕೊಂಡು ಬಂದಿತ್ತು. ಒಳಗೆ ಕೆಂಪು ಹಸಿರು ಟೂಟಿ ಫ್ರೂಟಿ. ನನ್ನ ಮಗ ನೋಡಿದವನೇ "ಯಾರ ಬರ್ತ್‌ಡೇ?" ಅಂದ. ಅಲ್ಲಿಗೆ ಅದರ ಕತೆ ಮುಗಿಯಿತು. ಅಯ್ಯಂಗಾರ್ ಬೇಕರಿಯದು ಮೊಟ್ಟೆ ಇಲ್ಲದ್ದು, ಮೆತ್ತಗೆ ಚೆನ್ನಾಗಿತ್ತು. ಹಿಂದಿನ ಕಾಲದಲ್ಲಿ ತಪಸ್ಸು ಕಾಲ ಪೂರ್ತಿ ಮೊಟ್ಟೆಯನ್ನೂ ಮುಟ್ಟುತ್ತಿರಲಿಲ್ಲ, ಅದಕ್ಕೇ ಈಸ್ಟರಿಗೆ ಮೊಟ್ಟೆ ಬಂದಿದ್ದು. ಆ ಲೆಕ್ಕದಲ್ಲಿ ಇದೇ ಸರಿಯಾದ ಬನ್ನು ಅಂತ ಅತ್ತೆ ತೀರ್ಪು ಕೊಟ್ಟರು. ಆದರೆ ಮಸಾಲೆ ಇಲ್ಲ. ಅವರ ಬೆಣ್ಣೆ ಬನ್ನಿನ ಮೇಲೆ ಒಂದು ಗೆರೆ ಉದ್ದ, ಒಂದು ಗೆರೆ ಅಡ್ಡ ಎಳೆದ ಹಾಗಿತ್ತು.

ಮೂರನೆಯದನ್ನು ಕೈಯಲ್ಲಿ ಹಿಡಿದಾಗಲೇ ಗೊತ್ತಾಯಿತು. ಗಾತ್ರಕ್ಕೆ ಸ್ವಲ್ಪ ಭಾರ. ಮೇಲ್ಗಡೆ ಗಾಢ ಕಂದು ಬಣ್ಣ. ಸಕ್ಕರೆ ನೀರು ತೆಳ್ಳಗೆ ಸವರಿದ್ದರು, ಬೆರಳಿಗೆ ಅಂಟುವಷ್ಟಿಲ್ಲ, ಹೊಳೆಯುವಷ್ಟು ಮಾತ್ರ. ಶಿಲುಬೆ ಬರೀ ಮೈದಾ ನೀರು ಕಲಸಿದ ಹಿಟ್ಟಿನದು. ಕೋನಿನಲ್ಲಿ ಎಳೆದು ಬನ್ನಿನ ಜೊತೆಗೇ ಬೇಯಿಸಿದ್ದು. ಅದಕ್ಕೆ ರುಚಿಯೇ ಇಲ್ಲ. ಇರಲೂಬಾರದು. ನನ್ನ ಮಟ್ಟಿಗೆ ಹಾಟ್ ಕ್ರಾಸ್ ಬನ್ನಿನ ಪರೀಕ್ಷೆ ಇದೊಂದೇ. ಸುತ್ತ ಎಷ್ಟು ಬೇಕಾದರೂ ಸಿಹಿ ಇರಲಿ, ಶಿಲುಬೆ ಸಪ್ಪೆಯಾಗಿರಬೇಕು. ಗೆರೆ ಹಿಡಿದು ಮುರಿದರೆ ಸಲೀಸಾಗಿ ನಾಲ್ಕು ತುಂಡು. ಮುರಿದಾಗ ಮೊದಲು ಚಕ್ಕೆಯ ವಾಸನೆ, ಹಿಂದೆಯೇ ಕಿತ್ತಳೆ ಸಿಪ್ಪೆಯ ಕಹಿ. ಟೂಟಿ ಫ್ರೂಟಿ ಒಂದೂ ಇಲ್ಲ. ಒಂದೇ ದೂರು, ಜಾಯಿಕಾಯಿ ಒಂಚೂರು ಜಾಸ್ತಿ. ಅತ್ತೆ "ಕೆಮ್ಮಿನ ಔಷಧಿ ಹಾಗಿದೆ" ಅಂದರು. ಅಂದುಕೊಂಡೇ ಪೂರ್ತಿ ತಿಂದರು.

ಆರ್ಡರ್ ಕೊಡುವುದು ಬೇರೆಯೇ ಅನುಭವ. ಅಂಗಡಿ ಯಜಮಾನರು ವಯಸ್ಸಾದವರು, ನಾವೆಲ್ಲ ಅಂಕಲ್ ಅನ್ನುತ್ತೀವಿ. ಅವರದು ಉದ್ದನೆಯ ರಟ್ಟಿನ ಪುಸ್ತಕ, ನೀಲಿ ಪೆನ್ನು. ಬಿಲ್ಲು ಕೇಳಿದರೆ ಕೇಕ್ ಡಬ್ಬಿಯ ರಟ್ಟು ಹರಿದು ಅದರ ಮೇಲೆ ಬರೆದುಕೊಟ್ಟರು. ಬನ್ನಿಗೆ 30 ರೂಪಾಯಿ, 150ಕ್ಕೆ 4,500. ಪೂರ್ತಿ ದುಡ್ಡು ಮೊದಲೇ. ನಾನು ಫೋನ್‌ಪೇ ಮಾಡಿದೆ. ಶುಕ್ರವಾರ ಮಧ್ಯಾಹ್ನ 2 ಗಂಟೆಯೊಳಗೆ ಚರ್ಚಿಗೆ ತಲುಪಿಸಬೇಕು ಅಂತ ಎರಡು ಸಲ ಹೇಳಿದೆ. "ಬರೆದುಕೊಂಡಿದೀನಲ್ಲಮ್ಮ" ಅಂದರು. ಬರೆದುಕೊಂಡಿದ್ದು ನಿಜ. ನಾನೇ ನೋಡಿದ್ದೆ.

ಗುರುವಾರ ರಾತ್ರಿ ಪಾದ ತೊಳೆಯುವ ಪೂಜೆ ಮುಗಿಸಿ ಮನೆಗೆ ಅಂತ ಒಂದು ಡಜನ್ ತರಲು ಹೋದೆ. ರಾತ್ರಿ ಒಂಬತ್ತೂವರೆ, ಸಾಲು ರಸ್ತೆ ತನಕ ಇತ್ತು. ಆದರೆ ಸಾಲು ಚೆನ್ನಾಗಿ ಓಡುತ್ತಿತ್ತು. ಒಬ್ಬ ಹುಡುಗ ದುಡ್ಡು ತೆಗೆದುಕೊಳ್ಳುತ್ತಾನೆ, ಇನ್ನೊಬ್ಬ ಕಟ್ಟಿಕೊಡುತ್ತಾನೆ, ಮೂರನೆಯವನು ಒಳಗಿನಿಂದ ಟ್ರೇ ತಂದಿಡುತ್ತಾನೆ. ಬನ್ನು ಬಿಸಿ ಇದ್ದರೆ ಪ್ಲಾಸ್ಟಿಕ್ ಕವರಿಗೆ ಹಾಕುವುದಿಲ್ಲ, ಬೆವರುತ್ತದೆ ಅಂತ ಕಾಗದದ ಚೀಲವೇ ಕೊಡುತ್ತಾರೆ. ಇಂಥ ಸಣ್ಣ ವಿಷಯದಲ್ಲಿ ಆ ಅಂಗಡಿಯನ್ನು ಮೀರಿಸುವವರಿಲ್ಲ.

ಈಗ ಶುಕ್ರವಾರದ ಕತೆ. ಏಪ್ರಿಲ್ 18. ಎರಡು ಗಂಟೆ ಆಯಿತು, ಬನ್ನಿಲ್ಲ. ಎರಡೂವರೆ, ಇಲ್ಲ. ಫೋನ್ ಮಾಡಿದರೆ "ಗಾಡಿ ಹೊರಟಿದೆ ಅಕ್ಕಾ". ಮೂರು ಗಂಟೆಗೆ ಪ್ರಾರ್ಥನೆ ಶುರು. ಗೊತ್ತಿಲ್ಲದವರಿಗೆ ಹೇಳಬೇಕು, ಅವತ್ತು ಪೂಜೆ, ಅಂದರೆ ಮಾಸ್, ಇರುವುದಿಲ್ಲ. ಪೀಠದ ಮೇಲೆ ಬಟ್ಟೆ ಇಲ್ಲ, ಹೂವಿಲ್ಲ, ದೀಪವಿಲ್ಲ. ಗುರುವಾರ ರಾತ್ರಿ ನಿಂತ ಗಂಟೆ ಶನಿವಾರ ರಾತ್ರಿ ತನಕ ಬಾರಿಸುವುದಿಲ್ಲ, ಅದರ ಬದಲು ಮರದ ಹಲಗೆಯಿಂದ ಕಟಕಟ ಸದ್ದು ಮಾಡುತ್ತಾರೆ. ಪಾಡುಗಳ ವಾಚನದಲ್ಲಿ ಯೇಸು ಪ್ರಾಣ ಬಿಟ್ಟ ಅನ್ನುವಲ್ಲಿ ಎಲ್ಲರೂ ಮೊಣಕಾಲೂರಿ ಸುಮ್ಮನಾಗುತ್ತಾರೆ. ಆ ಸುಮ್ಮನೆ ಎಂಥದ್ದು ಅಂದರೆ ಫ್ಯಾನಿನ ಸದ್ದು ಕೇಳಿಸುತ್ತದೆ. ಅದೇ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ಲಗೇಜ್ ಆಟೋ ಹಾರ್ನು. ಒಂದಲ್ಲ, ಮೂರು ಸಲ. ಅತ್ತೆ ತಲೆ ಎತ್ತದೆ, ಕಣ್ಣೂ ಬಿಡದೆ, "ನಿನ್ನ ಬನ್ನು ಬಂತು" ಅಂದರು.

ಎಲ್ಲರೂ ಶಿಲುಬೆಗೆ ಮುತ್ತಿಡುವ ಸಾಲಿನಲ್ಲಿದ್ದಾಗ ನಾನು ಮತ್ತು ಇನ್ನಿಬ್ಬರು ಹೊರಗೆ ಬಂದು ಟ್ರೇ ಎಣಿಸಿದೆವು. 136. ಮತ್ತೆ ಎಣಿಸಿದೆವು. 136. ಡ್ರೈವರ್ ಕೈಯಾಡಿಸಿ ಹೊರಟೇಹೋದ. ಅಂಗಡಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ನಮ್ಮ ಮನೆಯವರು "ಶಿಲುಬೆ ಹಾದಿಯ ಸ್ಥಳಗಳು 14 ತಾನೇ, ಲೆಕ್ಕ ಸರಿಯಾಗಿಯೇ ಇದೆ" ಅಂದರು. ಯೇಸು ಶಿಲುಬೆ ಹೊತ್ತು ನಡೆದ ಹಾದಿಯನ್ನು ನೆನೆಯುತ್ತಾ ನಾವು ನಿಂತು ಪ್ರಾರ್ಥಿಸುವ ಸ್ಥಳಗಳು ಅವು. ನನಗೆ ನಗು ಬರಲಿಲ್ಲ. ಬೆಳಿಗ್ಗೆಯಿಂದ ಬರೀ ಕಪ್ಪು ಟೀ ಕುಡಿದಿದ್ದೆ.

ಆಗ ಕೆಲಸಕ್ಕೆ ಬಂದಿದ್ದು ಆ ಸಪ್ಪೆ ಶಿಲುಬೆಯೇ. ಮಕ್ಕಳಿಗೆ, ವಯಸ್ಸಾದವರಿಗೆ ಇಡೀ ಬನ್ನು ಇಟ್ಟೆವು. ಉಳಿದವರಿಗೆ ಗೆರೆ ಹಿಡಿದು ಮುರಿದು ಕೊಡುತ್ತಾ ಹೋದೆವು. ಚಾಕು ಬೇಕಾಗಲಿಲ್ಲ, ಪುಡಿ ಉದುರಲಿಲ್ಲ. ದೊನ್ನೆಯಲ್ಲಿ ಗಂಜಿ, ಮೇಲೆ ಹೆಸರುಕಾಳು, ಪಕ್ಕದಲ್ಲಿ ಮುಕ್ಕಾಲು ಬನ್ನು. ಕೆಲವರು ಬನ್ನನ್ನು ಗಂಜಿಯಲ್ಲಿ ಅದ್ದಿಕೊಂಡು ತಿಂದರು. ನಾನೂ ತಿಂದು ನೋಡಿದೆ. ಚಕ್ಕೆ, ಉಪ್ಪು, ಅಕ್ಕಿ. ಯಾವ ಇಂಗ್ಲಿಷ್ ಪುಸ್ತಕದಲ್ಲೂ ಇರಲಿಕ್ಕಿಲ್ಲ, ಆದರೆ ಚೆನ್ನಾಗಿರುತ್ತದೆ. ಕೊನೆಗೆ ಎಂಟು ತುಂಡು ಉಳಿಯಿತು ಅಂದರೆ ನಂಬಬೇಕು.

ಅದೇ ಅಂಗಡಿಯಲ್ಲಿ ಈಸ್ಟರ್ ಮೊಟ್ಟೆಗೂ ಹೇಳಿದ್ದೆ. ಸಿಟ್ಟಿನಲ್ಲಿ ಬೇಡ ಅನ್ನೋಣ ಅಂತಿದ್ದೆ, ಆದರೆ ದುಡ್ಡು ಕೊಟ್ಟಾಗಿತ್ತು. ಇದು ಮಾರ್ಝಿಪಾನ್ ಮೊಟ್ಟೆ. ವಿದೇಶದಲ್ಲಿ ಬಾದಾಮಿಯಲ್ಲಿ ಮಾಡುತ್ತಾರೆ, ನಮ್ಮಲ್ಲಿ ಗೋಡಂಬಿ, ಸಕ್ಕರೆ, ರೋಸ್ ವಾಟರ್. ಮೇಲೆ ಐಸಿಂಗಿನಲ್ಲಿ ಸಣ್ಣ ಹೂವು, ಹೆಸರು ಬರೆದುಕೊಡುತ್ತಾರೆ. ಮಕ್ಕಳದು ಇಂಗ್ಲಿಷಿನಲ್ಲಿ ಮುದ್ದಾಗಿ ಬಂತು. ಅತ್ತೆಯದಕ್ಕೆ ಕನ್ನಡದಲ್ಲಿ "ಅಜ್ಜಿ" ಅಂತ ಬರೆಯಿರಿ ಅಂದೆ. ಮಾಸ್ಟರ್ ಕೇರಳದವರು. ಫೋನಿನಲ್ಲಿ ದೊಡ್ಡದಾಗಿ ತೋರಿಸಿದೆ. ಬಹಳ ಶ್ರದ್ಧೆಯಿಂದ, ನಾಲಿಗೆ ಕಚ್ಚಿಕೊಂಡು, ಚಿತ್ರ ಬಿಡಿಸುವ ಹಾಗೆ ಬರೆದರು. ಒತ್ತು ಬರೆಯಲು ಕೆಳಗೆ ಜಾಗ ಉಳಿಯಲಿಲ್ಲ. "ಅಜಿ" ಆಯಿತು. ಅತ್ತೆ ನೋಡಿ, "40 ದಿನ ಉಪವಾಸ ಅಲ್ವಾ, ಸಣ್ಣಗಾಗಿದ್ದೀನಿ ಬಿಡು" ಅಂದರು.

ಶನಿವಾರ ರಾತ್ರಿ ಪಾಸ್ಕ, ಅಂದರೆ ಈಸ್ಟರ್, ಜಾಗರಣೆ. ಚರ್ಚಿನ ಹೊರಗೆ ಬೆಂಕಿ ಹಾಕಿ, 2025 ಅಂತ ಅಂಕಿ ಕೆತ್ತಿದ ದೊಡ್ಡ ಮೇಣದ ಬತ್ತಿಗೆ ಅದರಿಂದ ಹಚ್ಚಿ, ಕತ್ತಲೆಯಲ್ಲಿ ಒಳಗೆ ಹೋಗಿ, ಅಷ್ಟು ದಿನ ಬಾಯಲ್ಲೇ ತರದಿದ್ದ ಅಲ್ಲೆಲೂಯ ಹಾಡಿ, ಗಂಟೆಗಳೆಲ್ಲ ಒಟ್ಟಿಗೆ ಬಾರಿಸಿ ಮನೆಗೆ ಬಂದಾಗ ಒಂದೂವರೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನೇರ ಫ್ರಿಜ್ಜಿಗೆ ಹೋದೆ. ನನ್ನ ಮೊಟ್ಟೆಯ ತುದಿ ಮುರಿದು ಬಾಯಿಗಿಟ್ಟೆ. ಗೋಡಂಬಿ ನುಣ್ಣಗೆ ಅರೆದಿದ್ದರು, ಹರಳು ಸಿಗುವುದಿಲ್ಲ. ರೋಸ್ ವಾಟರ್ ಹದ. ಸಿಹಿ ಮಾತ್ರ ವಿಪರೀತ ಅನ್ನಿಸಿತು. ಸಕ್ಕರೆ ಬಿಟ್ಟು ಆರು ವಾರ ಆದ ನಾಲಿಗೆಯ ಮಾತು ಇದು, ಪೂರ್ತಿ ನಂಬಬೇಡಿ. 180 ರೂಪಾಯಿಗೆ ಮೋಸವಿಲ್ಲ.

ಮನೆಯ ಡಜನ್ನಿನಲ್ಲಿ ಸೋಮವಾರಕ್ಕೆ ಎರಡು ಬನ್ನು ಉಳಿದಿದ್ದವು. ನಾಲ್ಕು ದಿನದ್ದು, ಗಟ್ಟಿಯಾಗಿದ್ದವು, ಆದರೆ ಬೂಸ್ಟು ಬಂದಿರಲಿಲ್ಲ. ಮಧ್ಯಾಹ್ನ ಊಟದ ನಂತರ ಅಡ್ಡ ಸೀಳಿ, ಬೆಣ್ಣೆ ಹಾಕಿ ತವೆಯ ಮೇಲಿಟ್ಟೆ. ಅಷ್ಟರಲ್ಲಿ ಪೋಪ್ ಫ್ರಾನ್ಸಿಸ್ ತೀರಿಕೊಂಡ ಸುದ್ದಿ ಬಂತು. ಎಲ್ಲರೂ ಟೀವಿ ಮುಂದೆ ನಿಂತೆವು. ಬನ್ನು ಒಂದು ಬದಿ ಸೀದುಹೋಯಿತು. ಅದು ಬೇಕರಿಯ ತಪ್ಪಲ್ಲ.

ಹೋಗಬೇಕಾ ಅಂತ ಕೇಳಿದರೆ, ಹೋಗಿ. ಹತ್ತೋ ಹನ್ನೆರಡೋ ಬನ್ನು ಬೇಕಿದ್ದರೆ ಗುರುವಾರ ರಾತ್ರಿ ಹೋಗಿ ನೀವೇ ತನ್ನಿ, ಮರುಮಾತಿಲ್ಲ. ದೊಡ್ಡ ಆರ್ಡರ್ ಇದ್ದರೆ ಅವರ ಗಾಡಿಯನ್ನು ನಂಬಬೇಡಿ. ನಿಮ್ಮದೇ ಆಟೋ ತೆಗೆದುಕೊಂಡು ಹೋಗಿ, ಅಲ್ಲೇ ನಿಂತು ಎಣಿಸಿ, ಆಮೇಲೆ ದುಡ್ಡು ಕೊಡಿ. ಕನ್ನಡದಲ್ಲಿ ಹೆಸರು ಬೇಕಿದ್ದರೆ ಒತ್ತಕ್ಷರ ಇಲ್ಲದ ಹೆಸರು ಹೇಳಿ.

ಕಳೆದ ವಾರ ಬ್ರೆಡ್ಡು ತರಲು ಹೋದಾಗ ಅಂಕಲ್ ಪುಸ್ತಕ ತೆಗೆದು ತೋರಿಸಿದರು. ನಮ್ಮ ಸಾಲಿನಲ್ಲಿ 150 ಅಂತಲೇ ಇದೆ, ಪಕ್ಕದಲ್ಲಿ ಸರಿ ಗುರುತು. 14 ಬನ್ನಿನ 420 ರೂಪಾಯಿ ಇನ್ನೂ ಬರಬೇಕು. ಮುಂದಿನ ಬೂದಿ ಬುಧವಾರ 2026ರ ಫೆಬ್ರವರಿ 18ಕ್ಕೆ. ಅಷ್ಟರೊಳಗೆ ಕೇಳಿಬಿಡಬೇಕು. ಆಮೇಲೆ ಅವರೂ ನಾನೂ ಉಪವಾಸದಲ್ಲಿರುತ್ತೀವಿ, ಜಗಳ ಆಡುವ ಹಾಗಿಲ್ಲ.