ಚೈನ್ ಮೇಲ್ ಬುರುಡೆ ಹಿಡಿಯಲು ಸ್ನೋಪ್ಸ್, ಟಿನ್‌ಐ, ವೇಬ್ಯಾಕ್: ಯಾವುದು ಎಷ್ಟು ಕೆಲಸಕ್ಕೆ ಬರುತ್ತದೆ?

"ದಯವಿಟ್ಟು ಇದನ್ನು ನಿಮಗೆ ಗೊತ್ತಿರುವವರಿಗೆಲ್ಲ ಕಳಿಸಿ" ಎಂದು ಮುಗಿಯುವ ಮೇಲ್ ನಿಜವೋ ಬುರುಡೆಯೋ ಎಂದು ನೋಡಲು ಕಾಸು ಖರ್ಚು ಮಾಡಬೇಕಿಲ್ಲ. ವದಂತಿ ಪರಿಶೀಲಿಸುವ ಸೈಟ್ ಸ್ನೋಪ್ಸ್, ಗೂಗಲ್‌ನ ಫ್ಯಾಕ್ಟ್ ಚೆಕ್ ಎಕ್ಸ್‌ಪ್ಲೋರರ್, ಚಿತ್ರದ ಪ್ರತಿ ಹುಡುಕುವ ಟಿನ್‌ಐ, ಹಳೆಯ ವೆಬ್ ಪುಟಗಳ ಪ್ರತಿ ಇಡುವ ವೇಬ್ಯಾಕ್ ಮೆಷಿನ್, ಫೈಲ್‌ನಲ್ಲಿ ವೈರಸ್ ಇದೆಯೇ ಎಂದು ನೋಡುವ ವೈರಸ್‌ಟೋಟಲ್, ಐದೂ ಪುಕ್ಕಟೆ. ಎಡವಟ್ಟಾಗುವುದು ಬೇರೆ ಕಡೆ. ಇವುಗಳಲ್ಲಿ ಒಂದೊಂದೂ ಉತ್ತರ ಹೇಳುವ ಪ್ರಶ್ನೆ ನಾವು ಅಂದುಕೊಂಡದ್ದಕ್ಕಿಂತ ಚಿಕ್ಕದು. ಟಿನ್‌ಐಯನ್ನು ಕೇಳಬೇಕಾದ್ದನ್ನು ಸ್ನೋಪ್ಸ್‌ನಲ್ಲಿ ಹುಡುಕಿ ಏನೂ ಸಿಗದಿದ್ದಾಗ "ಹಾಗಾದರೆ ನಿಜವೇ ಇರಬೇಕು" ಎಂದುಕೊಳ್ಳುವವರು ಬಹಳ.

ಯಾವ ಸೈಟ್ ತೆರೆಯುವ ಮೊದಲೂ ಮೇಲ್‌ನಿಂದ ಒಂದು ಸಾಲು ಆರಿಸಿಕೊಳ್ಳಬೇಕು. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಸಬ್ಜೆಕ್ಟ್ ಸಾಲು ಬೇಡ, ಅದು ಕೈಯಿಂದ ಕೈಗೆ ಬದಲಾಗುತ್ತ ಹೋಗುತ್ತದೆ. ಊರು, ಬ್ಯಾಂಕು, ಆಸ್ಪತ್ರೆ, ತಾರೀಖು ಇರುವ ಸಾಲೂ ಬೇಡ, ಮೇಲ್ ಹೊಸ ಜಾಗಕ್ಕೆ ಹೋದಾಗ ಮೊದಲು ಬದಲಾಗುವುದು ಅವೇ. ಬೇಕಾದ್ದು ಎಂಟು ಹತ್ತು ಪದಗಳ, ಬೇರೆ ಯಾರೂ ಹಾಗೆ ಬರೆಯಲಾರರು ಎನಿಸುವ ವಿಚಿತ್ರ ಸಾಲು. 1994ರಲ್ಲಿ ಹರಡಿದ 'ಗುಡ್ ಟೈಮ್ಸ್' ವೈರಸ್ ಎಚ್ಚರಿಕೆಯಲ್ಲಿ ಅಂಥದೊಂದಿತ್ತು: ಮೇಲ್ ಓದಿದರೆ ಪ್ರೊಸೆಸರ್ 'ಎನ್ತ್ ಕಾಂಪ್ಲೆಕ್ಸಿಟಿ ಇನ್‌ಫಿನಿಟ್ ಬೈನರಿ ಲೂಪ್'ಗೆ ಬಿದ್ದು ಹಾಳಾಗುತ್ತದಂತೆ. ಕೇಳಲು ಭಾರಿ ತಾಂತ್ರಿಕವಾದ ಈ ಮಾತಿಗೆ ತಲೆಬುಡ ಇಲ್ಲ. ಆದರೆ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಸುಳಿವೂ ಇಲ್ಲ.

ಆ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಗೂಗಲ್ ಮಾಡಿ. ಪಕ್ಕದಲ್ಲಿ 'ಬಿಫೋರ್' ಎಂಬ ಇಂಗ್ಲಿಷ್ ಪದ, ಕೋಲನ್, ಆಮೇಲೆ 2010ರಂಥ ಒಂದು ಇಸವಿ, ಮೂರನ್ನೂ ನಡುವೆ ಜಾಗ ಬಿಡದೆ ಹಾಕಿದರೆ ಅದಕ್ಕೂ ಹಳೆಯ ಪುಟಗಳು ಮಾತ್ರ ಬರುತ್ತವೆ. "ನಿನ್ನೆ ರಾತ್ರಿ ನಡೆದದ್ದು" ಎನ್ನುವ ಘಟನೆ ಹದಿನೈದು ವರ್ಷದ ಹಿಂದಿನ ಪುಟದಲ್ಲಿ ಬೇರೆ ಊರಿನ ಹೆಸರಿನೊಂದಿಗೆ ಕಂಡರೆ ಅಲ್ಲಿಗೆ ಮುಗಿಯಿತು. ಅನುವಾದವಾಗಿ ಬಂದ ಮೇಲ್ ಆದರೆ ಇದು ಕೈಕೊಡುತ್ತದೆ, ವಾಕ್ಯ ಬದಲಾಗಿರುತ್ತದಲ್ಲ. ಆಗ ಅನುವಾದದಲ್ಲೂ ಬದಲಾಗದವನ್ನು ಹಿಡಿಯಬೇಕು: ಫೈಲ್ ಹೆಸರು, ರಾಸಾಯನಿಕದ ಹೆಸರು, ವಿಚಿತ್ರ ಅಂಕಿ. ಬಿಲ್ ಗೇಟ್ಸ್ ಹಣ ಹಂಚುತ್ತಾರೆ ಎಂಬ ಹಳೆಯ ಮೇಲ್‌ನಲ್ಲಿ 245, 243, 241 ಡಾಲರ್ ಎಂಬ ಮೂರು ಅಂಕಿಗಳಿವೆ. ಮೂರನ್ನೂ ಒಟ್ಟಿಗೆ ಹುಡುಕಿದರೆ ಸಾಕು. (ಆ ಮೇಲ್‌ನ ತಮಾಷೆ ಇಲ್ಲಿದೆ: ನೀವು ಯಾರಿಗೆ ಕಳಿಸಿದಿರಿ, ಅವರು ಯಾರಿಗೆ ಕಳಿಸಿದರು ಎಂಬುದೆಲ್ಲ ಮೈಕ್ರೋಸಾಫ್ಟ್‌ಗೆ ಗೊತ್ತಾಗುತ್ತದಂತೆ, ಆದರೆ ಚೆಕ್ ಕಳಿಸಲು ಎರಡು ವಾರದಲ್ಲಿ ನಿಮ್ಮ ವಿಳಾಸ ಕೇಳುತ್ತದಂತೆ.)

ಇಷ್ಟಾದ ಮೇಲೆ ಸ್ನೋಪ್ಸ್. 1994ರಲ್ಲಿ ಡೇವಿಡ್ ಮಿಕೆಲ್‌ಸನ್ ಅಂತೆಕಂತೆಗಳ ಸಂಗ್ರಹವಾಗಿ ಶುರು ಮಾಡಿದ್ದು. ಇಂದಿನ ರಾಜಕೀಯ ಸುದ್ದಿಗಳನ್ನು ಪರಿಶೀಲಿಸುವ ಸೈಟ್‌ಗಳು ಬೇಕಾದಷ್ಟಿವೆ. ತೊಂಬತ್ತರ ದಶಕದಿಂದ ಹಿಡಿದು ಚೈನ್ ಮೇಲ್‌ಗಳ ಪೂರ್ಣ ಪಾಠ, ಅವುಗಳ ರೂಪಾಂತರ, ಹರಡಿದ ಕಾಲ ಇವನ್ನೆಲ್ಲ ಇಷ್ಟು ಜತನವಾಗಿ ಇಟ್ಟವರು ಕಡಿಮೆ. ಇದರ ನಿಜವಾದ ಆಸ್ತಿ ಆ ಉಗ್ರಾಣವೇ. ಒಳಗಿನ ಸರ್ಚ್ ಪೆಟ್ಟಿಗೆಗಿಂತ ಗೂಗಲ್‌ನಲ್ಲಿ ನಿಮ್ಮ ಸಾಲಿನ ಮುಂದೆ ಸ್ನೋಪ್ಸ್ ಎಂದು ಸೇರಿಸಿ ಹುಡುಕಿದರೆ ಬೇಗ ಸಿಗುತ್ತದೆ.

ಪುಟ ತೆರೆದಾಗ ಎಲ್ಲರ ಕಣ್ಣು ಹೋಗುವುದು ದೊಡ್ಡದಾಗಿ ಕಾಣುವ 'ಫಾಲ್ಸ್' ಅಥವಾ 'ಟ್ರೂ' ಗುರುತಿನ ಮೇಲೆ. ಮೊದಲು ಓದಬೇಕಾದ್ದು ಅದರ ಮೇಲಿರುವ 'ಕ್ಲೇಮ್' ಸಾಲನ್ನು. ತೀರ್ಪು ಆ ಒಂದು ವಾಕ್ಯಕ್ಕೆ ಮಾತ್ರ. ನಿಮಗೆ ಬಂದ ಮೇಲ್‌ನಲ್ಲಿ ನಾಲ್ಕು ಮಾತಿದ್ದು ಕ್ಲೇಮ್ ಸಾಲಿನಲ್ಲಿ ಒಂದೇ ಇದ್ದರೆ ಉಳಿದ ಮೂರಕ್ಕೆ ಉತ್ತರ ಸಿಕ್ಕಿಲ್ಲ ಎಂದೇ ಅರ್ಥ. ಇನ್ನೆರಡು ಗುರುತು ಚೈನ್ ಮೇಲ್‌ಗೆ ಮುಖ್ಯ. 'ಔಟ್‌ಡೇಟೆಡ್' ಎಂದರೆ ಒಂದು ಕಾಲಕ್ಕೆ ನಿಜ, ಈಗ ಸಂದರ್ಭ ಮುಗಿದಿದೆ. ಎಂದೋ ಮನೆ ಸೇರಿದ ಮಗುವನ್ನು ಇನ್ನೂ ಹುಡುಕುತ್ತಿರುವ ಮೇಲ್ ಈ ಜಾತಿಯದು. 'ಮಿಸ್‌ಕ್ಯಾಪ್ಶನ್ಡ್' ಎಂದರೆ ಚಿತ್ರ ಅಸಲಿ, ಕೆಳಗೆ ಬರೆದ ಕತೆ ನಕಲಿ. ಇವೆರಡನ್ನೂ 'ಸುಳ್ಳು' ಎಂದು ಒಂದೇ ಏಟಿಗೆ ಹೇಳಿ ಕಳಿಸಿದರೆ ಎದುರಿನವರು ಅಸಲಿ ಭಾಗ ತೋರಿಸಿ ನಿಮ್ಮನ್ನೇ ಸುಳ್ಳುಗಾರ ಮಾಡುತ್ತಾರೆ.

ಗುರುತಿಗಿಂತ ವಿವರಣೆ ಏಕೆ ಮುಖ್ಯ ಎಂಬುದಕ್ಕೆ ಮಂಗಳ ಗ್ರಹದ ಮೇಲ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಪ್ರತಿ ಆಗಸ್ಟ್‌ನಲ್ಲಿ "27ರ ರಾತ್ರಿ ಮಂಗಳ ಬರಿಗಣ್ಣಿಗೆ ಹುಣ್ಣಿಮೆ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ" ಎಂದು ಹೊರಡುತ್ತದಲ್ಲ, ಅದೇ. ಮೂಲ 2003ರದ್ದು. ಆ ವರ್ಷ ಆಗಸ್ಟ್ 27ಕ್ಕೆ ಮಂಗಳ ನಿಜಕ್ಕೂ ಸುಮಾರು 60,000 ವರ್ಷಗಳಲ್ಲೇ ಅತಿ ಹತ್ತಿರ, ಅಂದರೆ ಸುಮಾರು 5.58 ಕೋಟಿ ಕಿಲೋಮೀಟರ್ ದೂರಕ್ಕೆ ಬಂದಿತ್ತು. ಮೇಲ್‌ನ ಮೂಲ ವಾಕ್ಯ ಹೇಳಿದ್ದು ಇಷ್ಟು: ಟೆಲಿಸ್ಕೋಪ್‌ನಲ್ಲಿ 75 ಪಟ್ಟು ಹಿಗ್ಗಿಸಿ ನೋಡಿದರೆ ಮಂಗಳ, ಬರಿಗಣ್ಣಿಗೆ ಚಂದ್ರ ಕಾಣುವಷ್ಟು ದೊಡ್ಡದಾಗಿ ಕಾಣುತ್ತದೆ. ಲೆಕ್ಕ ಸರಿಯಾಗಿದೆ. ಅಂದು ಮಂಗಳದ ತಟ್ಟೆಯ ಅಗಲ ಸುಮಾರು 25 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್). ಅದನ್ನು 75ರಿಂದ ಗುಣಿಸಿದರೆ 1,875, ಹೆಚ್ಚುಕಡಿಮೆ ಚಂದ್ರನ ಅಗಲ. ಹರಿದಾಡಿದ ಪ್ರತಿಗಳಲ್ಲಿ "75 ಪಟ್ಟು" ಎಂಬಲ್ಲಿಗೆ ಸಾಲು ಮುರಿದು, ಉಳಿದದ್ದು ಹೊಸ ಪ್ಯಾರಾ ಆಗಿ ಕೂತಿತು. ಕಣ್ಣು ಎರಡನೇ ಪ್ಯಾರಾವನ್ನಷ್ಟೇ ಓದಿತು. ಆಮೇಲೆ ಯಾರೋ 2003 ಎಂಬ ಇಸವಿಯನ್ನೂ ಕಿತ್ತುಹಾಕಿದರು. ಬರೀ 'ಫಾಲ್ಸ್' ಎಂಬ ಗುರುತು ತೋರಿಸಿದರೆ ಯಾರೂ ಒಪ್ಪುವುದಿಲ್ಲ, ಮುರಿದ ಆ ಸಾಲು ತೋರಿಸಿದರೆ ನಕ್ಕು ಒಪ್ಪುತ್ತಾರೆ.

ಸ್ನೋಪ್ಸ್‌ನ ಕೊರತೆಗಳೂ ಇವೆ. ಜಾಹೀರಾತಿನ ಗದ್ದಲದಲ್ಲಿ ಫೋನಿನ ಮೇಲೆ ಓದುವುದು ಹಿಂಸೆ. 2021ರಲ್ಲಿ ಇನ್ನೂ ಗಂಭೀರವಾದದ್ದು ಹೊರಬಿತ್ತು: ಸ್ವತಃ ಮಿಕೆಲ್‌ಸನ್ ಬೇರೆ ಸುದ್ದಿಸಂಸ್ಥೆಗಳ ಬರಹ ಎತ್ತಿಕೊಂಡು ಹತ್ತಾರು ಲೇಖನ ಹಾಕಿದ್ದನ್ನು ಬಜ್‌ಫೀಡ್ ನ್ಯೂಸ್ ಬಯಲು ಮಾಡಿತು, ಸ್ನೋಪ್ಸ್ ಒಪ್ಪಿಕೊಂಡಿತು. ಉಗ್ರಾಣದ ಬೆಲೆ ಇದರಿಂದ ಇಳಿಯುವುದಿಲ್ಲ. ಆದರೆ ಲೇಖನದ ಕೊನೆಯಲ್ಲಿರುವ ಮೂಲಗಳ ಪಟ್ಟಿಯಲ್ಲಿ ಒಂದನ್ನಾದರೂ ತೆರೆದು ನೋಡದೆ ಬಿಡಬಾರದು. ಸೈಟೇ ಇದನ್ನು ಒಮ್ಮೆ ಕುಚೋದ್ಯದಿಂದ ಕಲಿಸಿತ್ತು. 'ಲಾಸ್ಟ್ ಲೆಜೆಂಡ್ಸ್' ಎಂಬ ವಿಭಾಗದಲ್ಲಿ ಬೇಕಂತಲೇ ಬುರುಡೆ ಬರೆದು 'ಟ್ರೂ' ಎಂದು ಮುದ್ರೆ ಒತ್ತಿದ್ದರು. ಅದರಲ್ಲೊಂದು, ಅರವತ್ತರ ದಶಕದ ಅಮೆರಿಕನ್ ಟಿವಿ ಧಾರಾವಾಹಿಯ ಮಾತಾಡುವ ಕುದುರೆ 'ಮಿಸ್ಟರ್ ಎಡ್' ನಿಜದಲ್ಲಿ ಜೀಬ್ರಾ, ಕಪ್ಪುಬಿಳುಪು ಪರದೆಯಲ್ಲಿ ಪಟ್ಟೆ ಕಾಣಲಿಲ್ಲ ಎನ್ನುವುದು. ನಂಬಿ ಹಂಚಿದವರು ಕಡಿಮೆಯಲ್ಲ.

ಫ್ಯಾಕ್ಟ್ ಚೆಕ್ ಎಕ್ಸ್‌ಪ್ಲೋರರ್ ಸ್ವಂತವಾಗಿ ಏನನ್ನೂ ಪರಿಶೀಲಿಸುವುದಿಲ್ಲ. ಬೇರೆ ಸಂಸ್ಥೆಗಳು ತಮ್ಮ ಪುಟಕ್ಕೆ 'ಕ್ಲೇಮ್‌ರಿವ್ಯೂ' ಎಂಬ ಗುರುತು ಹಾಕಿದ್ದರೆ ಅವನ್ನು ಒಂದೆಡೆ ತೋರಿಸುತ್ತದೆ, ಅಷ್ಟೇ. ಭಾಷೆ ಆರಿಸಿ ಹುಡುಕಬಹುದು, ಹೊಸ ವದಂತಿಗೆ ಚೆನ್ನ. ಗುರುತಿನ ವ್ಯವಸ್ಥೆ ಬಂದದ್ದೇ 2015ರಲ್ಲಿ, ಹಾಗಾಗಿ ಹಳೆಯ ಮೇಲ್‌ಗಳ ಮಟ್ಟಿಗೆ ಇಲ್ಲಿ ಹೆಚ್ಚಾಗಿ ಬರಿಗೈ.

ಚಿತ್ರ ಇದ್ದರೆ ಟಿನ್‌ಐ. ಕೆನಡಾದ ಟೊರಾಂಟೊದಲ್ಲಿ 2008ರಲ್ಲಿ ಶುರುವಾದ ಇದು ಮಾಡುವುದು ಒಂದೇ ಕೆಲಸ: ಅದೇ ಚಿತ್ರದ ಪ್ರತಿಗಳನ್ನು, ಕತ್ತರಿಸಿದ್ದಾಗಲಿ, ಕುಗ್ಗಿಸಿದ್ದಾಗಲಿ, ಹುಡುಕಿ ಕೊಡುವುದು. ಗೂಗಲ್ ಲೆನ್ಸ್‌ನಂತೆ "ಹೀಗೇ ಕಾಣುವ ಇನ್ನೊಂದು" ಎಂದು ಅಡ್ಡದಾರಿ ಹಿಡಿಯುವುದಿಲ್ಲ. ಹಾಗಾಗಿ ಫಲಿತಾಂಶ ಕಡಿಮೆ, ಆದರೆ ಗಟ್ಟಿ. ಪಟ್ಟಿಯನ್ನು 'ಓಲ್ಡೆಸ್ಟ್' ಕ್ರಮಕ್ಕೆ ತಿರುಗಿಸಿ ಮೊದಲ ಮೂರು ನಾಲ್ಕು ಪುಟ ತೆರೆಯಿರಿ. ಅಲ್ಲಿ ಕಾಣುವ ತಾರೀಖು ಟಿನ್‌ಐ ಆ ಚಿತ್ರವನ್ನು ಮೊದಲು ಕಂಡ ದಿನ, ಚಿತ್ರ ತೆಗೆದ ದಿನವಲ್ಲ. ಅಂದರೆ "ಇದಕ್ಕಿಂತ ಹೊಸದಲ್ಲ" ಎಂಬುದನ್ನು ಸಾಬೀತು ಮಾಡಬಹುದು, "ಇಂದಿನದೇ" ಎಂಬುದನ್ನು ಆಗದು. ಮೇಲ್‌ನ ಚಿತ್ರದ ಮೇಲೆ ಅಕ್ಷರ ಬರೆದಿದ್ದರೆ ಆ ಭಾಗ ಕತ್ತರಿಸಿ ಹಾಕಿ. ಇದು ಸೋತಾಗ ಲೆನ್ಸ್‌ಗೆ ಹೋಗಬಹುದು, ಮೊದಲೇ ಬೇಡ.

ವೇಬ್ಯಾಕ್ ಮೆಷಿನ್ ಸತ್ತ ಸೈಟ್‌ಗಳಿಗಾಗಿ. 2003ರಿಂದ ಆಸ್ಟ್ರೇಲಿಯಾದಿಂದ ನಡೆಯುತ್ತಿದ್ದ, ಬುರುಡೆ ಮೇಲ್‌ಗಳನ್ನು ಬಯಲು ಮಾಡುವ ಹೋಕ್ಸ್-ಸ್ಲೇಯರ್ 2021ರಲ್ಲಿ ಮುಚ್ಚಿತು. ಅಮೆರಿಕದ ಇಂಧನ ಇಲಾಖೆಯ ಕಂಪ್ಯೂಟರ್ ಭದ್ರತಾ ತಂಡ ಸಿಐಎಸಿ ನಡೆಸುತ್ತಿದ್ದ ಅಂಥದೇ ಸೈಟ್ ಹೋಕ್ಸ್‌ಬಸ್ಟರ್ಸ್ ಅದಕ್ಕೂ ಮುಂಚೆಯೇ ಹೋಯಿತು. ಇವುಗಳ ಲಿಂಕ್ ಎಲ್ಲಾದರೂ ಸಿಕ್ಕಿ ಪುಟ ತೆರೆಯದಿದ್ದರೆ ವಿಳಾಸವನ್ನು ವೇಬ್ಯಾಕ್‌ಗೆ ಅಂಟಿಸಿ, ಸೈಟ್ ಜೀವಂತವಿದ್ದ ವರ್ಷದ ಪ್ರತಿ ಆರಿಸಿ. ಕೊನೆಯ ಪ್ರತಿ ಆರಿಸಿದರೆ ಡೊಮೇನ್ ಕೊಂಡ ಬೇರೊಬ್ಬರ ಜಾಹೀರಾತು ಪುಟ ಬಂದೀತು.

ಮೇಲ್ ಹೆಡರ್, ಅಂದರೆ ಮೇಲ್ ಯಾವ ಸರ್ವರ್‌ಗಳನ್ನು ಹಾದು ಬಂತು ಎಂಬ ದಾಖಲೆ, ಬಿಡಿಸಿ ತೋರಿಸುವ ಸಾಧನಗಳನ್ನು ಹಲವರು ಶಿಫಾರಸು ಮಾಡುತ್ತಾರೆ. ಚೈನ್ ಮೇಲ್‌ಗೆ ಇದರಷ್ಟು ನಿಷ್ಪ್ರಯೋಜಕ ಇನ್ನೊಂದಿಲ್ಲ. ಜಿಮೇಲ್‌ನಲ್ಲಿ 'ಶೋ ಒರಿಜಿನಲ್' ಒತ್ತಿ, ಕಳಿಸಿದ ವಿಳಾಸ ಅಸಲಿಯೇ ಎಂದು ನೋಡುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಪರೀಕ್ಷೆಗಳು ಮೂರೂ 'ಪಾಸ್' ಎಂದು ಕಂಡರೆ ಸಾಬೀತಾಗುವುದು ಆ ಮೇಲ್ ನಿಮ್ಮ ಗೆಳೆಯರ ಸರ್ವರ್‌ನಿಂದಲೇ ಬಂತು ಎಂಬುದು. ಅದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ! ಫಾರ್ವರ್ಡ್ ಒತ್ತಿದಾಗಲೇ ಹಳೆಯ ಹೆಡರ್ ಉದುರಿಹೋಗಿರುತ್ತದೆ. ಬ್ಯಾಂಕ್ ಹೆಸರಿನಲ್ಲಿ ನೇರವಾಗಿ ಬಂದ ವಂಚನೆ ಮೇಲ್ ಆದರೆ ಮಾತು ಬೇರೆ, ಅಲ್ಲಿ ಹೆಡರ್‌ನ 'ರಿಸೀವ್ಡ್' ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದುವುದು ನಿಜಕ್ಕೂ ಉಪಯೋಗ.

"ಈ ಫೈಲ್ ಇದ್ದರೆ ಕೂಡಲೇ ಅಳಿಸಿ" ಎಂಬ ಮೇಲ್‌ಗಳಿಗೆ ವೈರಸ್‌ಟೋಟಲ್. ಈ ಜಾತಿಯ ಅಜ್ಜ 2001ರ 'ಸಲ್ಫ್‌ಎನ್‌ಬಿಕೆ', ಮುಂದಿನ ವರ್ಷದ್ದು ಕರಡಿಮರಿ ಐಕಾನ್‌ನ 'ಜೆಡಿಬಿಜಿಎಂಜಿಆರ್'. ಎರಡೂ ವಿಂಡೋಸ್‌ನದೇ ಫೈಲ್‌ಗಳು. ತಂತ್ರ ಸರಳ: ಎಲ್ಲರ ಕಂಪ್ಯೂಟರ್‌ನಲ್ಲೂ ಇರುವ ಫೈಲ್ ಹೆಸರಿಸಿ "ಹುಡುಕಿ ನೋಡಿ" ಎನ್ನುವುದು. ಹುಡುಕಿದಾಗ ಸಿಕ್ಕೇ ಸಿಗುತ್ತದೆ, ಸಿಕ್ಕಿದ್ದೇ ಸಾಕ್ಷಿಯಾಗುತ್ತದೆ. ಆಂಟಿವೈರಸ್ ಏಕೆ ಹಿಡಿಯಲಿಲ್ಲ ಎಂಬ ಪ್ರಶ್ನೆಗೂ ಕರಡಿ ಮೇಲ್ ಉತ್ತರ ಇಟ್ಟುಕೊಂಡಿತ್ತು: 14 ದಿನ ಸುಮ್ಮನಿರುತ್ತದಂತೆ, ನಾರ್ಟನ್, ಮ್ಯಾಕ್‌ಅಫಿಗೆ ಸಿಗುವುದಿಲ್ಲವಂತೆ. ಸಲ್ಫ್‌ಎನ್‌ಬಿಕೆಯಲ್ಲಿ ಒಂದು ಸಿಕ್ಕು ಇತ್ತು. ಆಗ ಓಡಾಡುತ್ತಿದ್ದ 'ಮ್ಯಾಜಿಸ್ಟರ್' ಎಂಬ ಅಸಲಿ ವೈರಸ್ ಇದೇ ಫೈಲ್‌ಗೆ ಸೋಂಕು ಹಚ್ಚಿ ಮೇಲ್‌ಗೆ ಲಗತ್ತಿಸಿ ಕಳಿಸಬಲ್ಲದಾಗಿತ್ತು. ಆದ್ದರಿಂದ ಫೈಲ್ ಹೆಸರು ನೋಡಿ ನಿರ್ಧರಿಸುವಂತಿಲ್ಲ, ಒಳಗಿನದನ್ನೇ ನೋಡಬೇಕು.

ಫೈಲನ್ನು ಅಪ್‌ಲೋಡ್ ಮಾಡುವ ಬದಲು ಅದರ ಹ್ಯಾಶ್, ಅಂದರೆ ಒಳಗಿನದರಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಗುರುತು, ಹಾಕುವುದು ಜಾಣತನ. ಅಪ್‌ಲೋಡ್ ಆದದ್ದು ಭದ್ರತಾ ಕಂಪನಿಗಳ ಕೈಗೂ ಸಿಗುತ್ತದೆ, ಖಾಸಗಿ ಕಾಗದಪತ್ರ ಹಾಕಿದರೆ ಹೋದಂತೆಯೇ. ಆದೇಶ ಟೈಪ್ ಮಾಡುವ ವಿಂಡೋಸ್‌ನ ಪವರ್‌ಶೆಲ್‌ನಲ್ಲಿ 'ಗೆಟ್-ಫೈಲ್‌ಹ್ಯಾಶ್' ಆದೇಶದ ಮುಂದೆ ಫೈಲ್‌ನ ದಾರಿ ಕೊಟ್ಟರೆ 64 ಅಕ್ಷರಗಳ ಎಸ್‌ಎಚ್‌ಎ-256 ಹ್ಯಾಶ್ ಬರುತ್ತದೆ. ಅದನ್ನು ವೈರಸ್‌ಟೋಟಲ್‌ನ ಸರ್ಚ್‌ಗೆ ಅಂಟಿಸಿ. ಎಪ್ಪತ್ತರ ಸುಮಾರು ಆಂಟಿವೈರಸ್ ಎಂಜಿನ್‌ಗಳಲ್ಲಿ ಒಂದೆರಡು ಕೆಂಪಾದರೆ ಹೆಚ್ಚಾಗಿ ಸುಳ್ಳು ಎಚ್ಚರಿಕೆ, ಇಪ್ಪತ್ತು ಮೂವತ್ತು ಕೆಂಪಾದರೆ ಚರ್ಚೆ ಬೇಡ. ಹ್ಯಾಶ್ ಸಿಗಲೇ ಇಲ್ಲ ಎಂದರೆ "ಶುದ್ಧ" ಎಂದಲ್ಲ, ಇದುವರೆಗೆ ಯಾರೂ ಹಾಕಿಲ್ಲ ಎಂದಷ್ಟೇ.

ಸಿಕ್ಕಿದ ಉತ್ತರವನ್ನು ತಿರುಗಿ ಕಳಿಸುವಾಗ 'ರಿಪ್ಲೈ ಆಲ್' ಒತ್ತಬೇಡಿ. ಕೆಳಗೆ ಅಂಟಿಕೊಂಡ ಮೂಲ ಬುರುಡೆ ಇನ್ನೊಮ್ಮೆ ಎಲ್ಲರ ಇನ್‌ಬಾಕ್ಸ್ ಸೇರುತ್ತದೆ, ಜೊತೆಗೆ ಹಿಂದಿನವರ ವಿಳಾಸಗಳ ಉದ್ದನೆಯ ಬಾಲವೂ. ಕಳಿಸಿದವರಿಗೆ ಮಾತ್ರ, ಹಳೆಯ ಪಾಠ ಪೂರ್ತಿ ಅಳಿಸಿ, ಎರಡು ಸಾಲು ಬರೆಯಿರಿ: ಇದು ಇಂಥ ವರ್ಷದ್ದು, ಇಲ್ಲಿ ಬದಲಾಗಿದೆ. ಕೆಳಗೆ ಒಂದೇ ಲಿಂಕ್. ಅವರು ಕರಡಿ ಫೈಲನ್ನು ಆಗಲೇ ಅಳಿಸಿಬಿಟ್ಟಿದ್ದರೂ ಗಾಬರಿ ಬೇಕಿರಲಿಲ್ಲ. ವಿಷುವಲ್ ಜೆ ಪ್ಲಸ್ ಪ್ಲಸ್ 1.1ರಲ್ಲಿ ಜಾವಾ ಪ್ರೋಗ್ರಾಂ ಬರೆಯುವವರ ಹೊರತು ಉಳಿದವರು ಅದನ್ನು ಮತ್ತೆ ಹಾಕಿಕೊಳ್ಳುವ ಅಗತ್ಯವಿಲ್ಲ ಎಂದು ಮೈಕ್ರೋಸಾಫ್ಟೇ ತಿಳಿಸಿತ್ತು.