ಎರಡು ಟ್ರಾಂಬೋನ್, ಒಂದೇ ಪೆಟ್ಟಿಗೆ: ಮೂರು ಮಳೆಗಾಲ ಕಳೆದ ಮೇಲೆ

ಎರಡು ಟ್ರಾಂಬೋನ್ ಹಿಡಿಸುವ ಈ ಜೋಡಿ ಕೇಸ್ ನನ್ನ ಕೈಗೆ ಬಂದದ್ದು 2022ರ ಫೆಬ್ರವರಿಯಲ್ಲಿ. ಅಲ್ಲಿಂದ ಮೂರು ಮದುವೆ ಸೀಸನ್, ಮೂರು ಮಳೆಗಾಲ ಕಳೆದಿವೆ. ಮೊದಲ ಸೀಸನ್ನಿನಲ್ಲಿ ಸಿಕ್ಕಿದವರಿಗೆಲ್ಲ ಇದನ್ನೇ ಹೊಗಳಿದೆ. ಮೊದಲ ಆಷಾಢದಲ್ಲಿ ಇದನ್ನು ತೆರೆದು ನೋಡಿ ಕಣ್ಣಲ್ಲಿ ನೀರು ಬಂತು. ಎರಡನ್ನೂ ಬರೆಯುತ್ತೇನೆ. ಮಲೆನಾಡಿನಲ್ಲಿ ಟ್ರಾಂಬೋನ್ ಇಟ್ಟುಕೊಂಡವರಿಗೆ ಎರಡೂ ಗೊತ್ತಿರಬೇಕು.

ನಾನಿರುವುದು ಮೂಡಿಗೆರೆಯಲ್ಲಿ. ನನ್ನ ಹತ್ತಿರ ಎರಡು ಟ್ರಾಂಬೋನ್ ಇವೆ. ನಳಿಕೆ ಜಾರಿಸಿ ಸ್ವರ ಬದಲಿಸುವ, ಊದುವ ಹಿತ್ತಾಳೆ ವಾದ್ಯ ಇದು. ಒಂದು ಸಣ್ಣ ಬೋರಿನ (ನಳಿಕೆಯ ಒಳ ಅಗಲ ಕಡಿಮೆ ಇರುವ) ಟೆನರ್, ಎಂಟು ಇಂಚಿನ ಬೆಲ್ (ದನಿ ಹೊರಬರುವ ಅಗಲ ಬಾಯಿ). ಮದುವೆ ಆರ್ಕೆಸ್ಟ್ರಾಗೆ ಅದೇ ಸರಿ. ದನಿ ಚುರುಕು, ಕೀಬೋರ್ಡ್ ಡ್ರಮ್ಮುಗಳ ನಡುವೆಯೂ ಸೀಳಿಕೊಂಡು ಬರುತ್ತದೆ. ಇನ್ನೊಂದು ದೊಡ್ಡ ಬೋರಿನದು, ಎಂಟೂವರೆ ಇಂಚಿನ ಬೆಲ್, ಎಡಗೈ ಹೆಬ್ಬೆರಳಿಗೆ ಎಫ್ ಟ್ರಿಗರ್, ಅಂದರೆ ಒತ್ತಿದರೆ ಇನ್ನೂ ಕೆಳಗಿನ ಸ್ವರ ಸಿಗುವ ಕೀಲಿ. ಚಿಕ್ಕಮಗಳೂರಿನ ಚರ್ಚಿನಲ್ಲಿ ಗಾಯನ ತಂಡದ ಹಿಂದೆ ಕೂತು ನುಡಿಸುವುದು ಇದನ್ನು. ಅಲ್ಲಿ ಸಣ್ಣದನ್ನು ನುಡಿಸಿದರೆ ಹಾಡುವವರ ಕಿವಿಗೇ ಚುಚ್ಚುತ್ತದೆ.

ಒಂದೇ ಕೇಸ್ ಬೇಕಾಗಿದ್ದು ಶನಿವಾರ ಭಾನುವಾರದ ಕಾರಣಕ್ಕೆ. ಶನಿವಾರ ರಾತ್ರಿ ಹಾಸನದಲ್ಲಿ ರಿಸೆಪ್ಷನ್ ಮುಗಿಯುವಾಗ ಹನ್ನೊಂದು. ಅಲ್ಲೇ ಗೆಳೆಯನ ಮನೆಯಲ್ಲಿ ಮಲಗಿ, ಬೆಳಗ್ಗೆ ಬೇಲೂರು ಮೇಲೆ ಹೋಗುವ ಬಸ್ಸು ಹಿಡಿದು ಚಿಕ್ಕಮಗಳೂರಿನ ಚರ್ಚಿನ ಪೂಜೆಗೆ ಹೋಗಬೇಕು. ಮನೆಗೆ ಬಂದು ವಾದ್ಯ ಬದಲಾಯಿಸುವಷ್ಟು ಹೊತ್ತು ಇರುವುದಿಲ್ಲ. ಹಾಗಾಗಿ ಎರಡನ್ನೂ ಹೊತ್ತೇ ಹೊರಡಬೇಕು. ಆಗ ಒಂದು ಹಳೆ ಪ್ಲೈವುಡ್ ಪೆಟ್ಟಿಗೆ ಬಲಗೈಯಲ್ಲಿ, ಒಂದು ಬಟ್ಟೆ ಚೀಲ ಹೆಗಲಲ್ಲಿ, ಸೂಟ್ ಬಟ್ಟೆಯ ಬ್ಯಾಗು ಕುತ್ತಿಗೆಗೆ. ಟಿಕೆಟ್ ತೆಗೆದುಕೊಳ್ಳಲು ಕೈಯೇ ಉಳಿಯುತ್ತಿರಲಿಲ್ಲ.

ಹುಡುಕಿದ್ದು ಆರು ತಿಂಗಳು. ಬ್ರೆಜಿಲ್ ದೇಶದ ಹಾರ್ನ್ ವಾದಕ ಮಾರ್ಕಸ್ ಬೊನ್ನಾ ಹೆಸರಿನ ಕೇಸುಗಳನ್ನು ಫೋಟೋದಲ್ಲಿ ನೋಡಿ ನೋಡಿ ಆಸೆಪಟ್ಟೆ. ಆದರೆ ಅಲ್ಲಿಂದ ತರಿಸುವ ಖರ್ಚು, ಕಸ್ಟಮ್ಸ್ ಎಲ್ಲ ಸೇರಿದರೆ ನನ್ನ ಸಣ್ಣ ಟ್ರಾಂಬೋನಿನ ಬೆಲೆಗಿಂತ ಜಾಸ್ತಿ ಆಗುತ್ತಿತ್ತು. ನಮ್ಮ ಊರಿನ ಬಡಗಿಯೊಬ್ಬರು ಸಿಲ್ವರ್ ಓಕ್ ಹಲಗೆಯಲ್ಲಿ ಮಾಡಿಕೊಡುತ್ತೇನೆ ಅಂದರು. ಅಳತೆ ಹಾಕಿ, ಖಾಲಿ ಪೆಟ್ಟಿಗೆಯೇ ಎಷ್ಟು ಭಾರ ಆಗುತ್ತದೆ ಅಂತ ಲೆಕ್ಕ ಮಾಡಿ ಕೈಬಿಟ್ಟೆ. ನನಗೆ ಟ್ರಾಂಬೋನ್ ಕಲಿಸಿದ ಬ್ಯಾಂಡ್ ಮಾಸ್ಟರು ಕೇಸಿನ ಮಾತೇ ಬೇಡ ಅನ್ನುತ್ತಿದ್ದರು. ಅವರದ್ದು ಮೀರತ್‌ನ ಜಲಿ ಕೋಠಿಯಿಂದ ತರಿಸಿದ ವಾದ್ಯ. ದೇಶದ ಬ್ಯಾಂಡ್ ಸೆಟ್ಟುಗಳಿಗೆ ಹಿತ್ತಾಳೆ ವಾದ್ಯ ಬಹಳ ಕಾಲದಿಂದ ಅಲ್ಲಿಂದಲೇ ಬರುತ್ತದೆ. ಅಲ್ಲಿನ ನಾದಿರ್ ಅಲಿ ವಾದ್ಯ ಕಂಪನಿ ಶುರುವಾದದ್ದೇ 1885ರಲ್ಲಿ. ಮಾಸ್ಟರು ಅದನ್ನು ಇಪ್ಪತ್ತು ವರ್ಷ ಬರೀ ದಪ್ಪ ಬಟ್ಟೆ ಚೀಲದಲ್ಲಿ ಇಟ್ಟಿದ್ದರು. "ಬಟ್ಟೆ ಉಸಿರಾಡುತ್ತೆ" ಅಂತ ಅವರು ಹೇಳಿದ್ದು ಆಗ ನನ್ನ ತಲೆಗೆ ಹೋಗಲಿಲ್ಲ.

ಕೊನೆಗೆ ಗೋವಾದ ವಾದಕರೊಬ್ಬರು ಬಳಸಿ ಬಿಟ್ಟ ಕೇಸ್ 19,000 ರೂಪಾಯಿಗೆ ಸಿಕ್ಕಿತು. ಕಂಪನಿ ಹೆಸರು ಬರೆಯುವುದಿಲ್ಲ. ನನಗಾದ ತೊಂದರೆಯಲ್ಲಿ ಅವರ ಪಾಲಿಗಿಂತ ನಮ್ಮ ಹವೆಯ ಪಾಲು ದೊಡ್ಡದು.

ಮೊದಲು ಒಳಗಿನ ಜೋಡಣೆ ಹೇಳಬೇಕು, ಅದು ಅಷ್ಟು ಚೆನ್ನಾಗಿದೆ. ಕೆಳಗಿನ ಭಾಗದಲ್ಲಿ ಎರಡು ಬೆಲ್. ಒಂದು ಬಲಕ್ಕೆ, ಒಂದು ಎಡಕ್ಕೆ. ಚಿಕ್ಕ ಹಾಸಿಗೆಯಲ್ಲಿ ಎರಡು ಮಕ್ಕಳು ತಲೆ ಕಾಲು ಮಾಡಿ ಮಲಗಿದ ಹಾಗೆ. ಎರಡು ಸ್ಲೈಡುಗಳೂ ಮುಚ್ಚಳದಲ್ಲಿ, ಬೇರೆ ಬೇರೆ ಗುಂಡಿಯಲ್ಲಿ. ಟ್ರಾಂಬೋನಿಗೆ ಸ್ಲೈಡೇ ಪ್ರಾಣ. ಒಳಗೆ ಎರಡು ನಳಿಕೆ, ಅವುಗಳ ಮೇಲೆ ಜಾರುವ ಎರಡು ನಳಿಕೆ, ನಡುವೆ ಕೂದಲೆಳೆಯಷ್ಟು ಸಂದು. ಹೊರಗಿನ ನಳಿಕೆಗೆ ಉಗುರು ಒತ್ತಿದಷ್ಟು ತಗ್ಗು ಬಿದ್ದರೂ ಸಾಕು, ಒಳಗಿನದು ಉಜ್ಜಲು ಶುರುವಾಗುತ್ತದೆ. ಆಮೇಲೆ ಸ್ವರಕ್ಕಾಗಿ ಸ್ಲೈಡ್ ನಿಲ್ಲಿಸುವ ಏಳು ಪೊಸಿಷನ್ನುಗಳಲ್ಲಿ ಒಂದು ಕಡೆ ಕೈ ಎಡವುತ್ತದೆ. ಈ ಕೇಸಿನಲ್ಲಿ ಬೆಲ್ಲಿನ ಭಾರ ಸ್ಲೈಡಿನ ಮೇಲೆ ಬೀಳುವುದೇ ಇಲ್ಲ. ಬೇಲೂರು ರಸ್ತೆಯ ಹಂಪುಗಳ ಮೇಲೆ ಮೂರು ವರ್ಷ ಓಡಾಡಿದೆ. ಎರಡು ಸ್ಲೈಡಿಗೂ ಒಂದೇ ಒಂದು ತಗ್ಗು ಬಿದ್ದಿಲ್ಲ.

ಉದ್ದ ಮೂರಡಿಗೆ ಹತ್ತಿರ. ಬಸ್ಸಿನ ಮೇಲಿನ ಹಲಗೆಯಲ್ಲಿ ಹಿಡಿಸಲ್ಲ, ಕಾಲ ನಡುವೆ ನಿಲ್ಲಿಸಿಕೊಳ್ಳಬೇಕು. ಎರಡೂ ವಾದ್ಯ, ಮ್ಯೂಟು (ದನಿ ತಗ್ಗಿಸಲು ಬೆಲ್ಲಿಗೆ ಸಿಕ್ಕಿಸುವ ಬಿರಡೆ), ಹಾಡಿನ ಹಾಳೆ ಎಲ್ಲ ತುಂಬಿ ಮನೆಯ ಮೆಣಸು ತೂಗುವ ತಕ್ಕಡಿಯಲ್ಲಿ ಇಟ್ಟೆ. ಒಂಬತ್ತು ಕಿಲೋ ಮೇಲೆ ಇನ್ನೂರು ಗ್ರಾಂ. ಬೆನ್ನಿಗೆ ಹಾಕಿಕೊಂಡರೆ ತೊಂದರೆಯಿಲ್ಲ. ಕೈಯಲ್ಲಿ ಹಿಡಿದರೆ ಐದು ನಿಮಿಷಕ್ಕೆ ಬೆರಳು ಕೆಂಪಾಗುತ್ತವೆ.

ಆ ಮೊದಲ ಸೀಸನ್ ಹೀಗೆ ಖುಷಿಯಲ್ಲಿ ಹೋಯಿತು. ಆಮೇಲೆ ಆಷಾಢ ಬಂತು.

ಆಷಾಢದಲ್ಲಿ ಮದುವೆ ಇಲ್ಲ. ಆ ವರ್ಷ ಅದೇ ಹೊತ್ತಿಗೆ ನನಗೆ ಜ್ವರವೂ ಬಂತು, ಭಾನುವಾರಗಳೂ ತಪ್ಪಿದವು. ಹೊರಗೆ ಹಗಲು ರಾತ್ರಿ ಮಳೆ. ಕೇಸ್ ಮಾತ್ರ ಭದ್ರವಾಗಿದೆ, ಮುಚ್ಚಳದ ಸುತ್ತ ರಬ್ಬರ್ ಪಟ್ಟಿ ಇದೆ, ಹನಿ ನೀರೂ ಒಳಗೆ ಹೋಗಲ್ಲ ಅಂತ ನೆಮ್ಮದಿಯಿಂದ ಇದ್ದೆ. ಇಪ್ಪತ್ತೆರಡು ದಿನ ತೆಗೆಯಲಿಲ್ಲ.

ತೆಗೆದಾಗ ಮೊದಲು ಬಂದದ್ದು ವಾಸನೆ. ಒದ್ದೆ ಕಂಬಳಿ ಮೂಲೆಯಲ್ಲಿ ಮಡಚಿಟ್ಟರೆ ಬರುತ್ತದಲ್ಲ, ಅದು. ಕೆಂಪು ಮಖಮಲ್ಲಿನ ಮೇಲೆ ಬಿಳೀ ಬೂಸು. ಹಳೆ ಬೆಲ್ಲದ ಮೇಲೆ ಕೂರುವ ಹಾಗೆ, ಮುಟ್ಟಿದರೆ ಬೆರಳಿಗೆ ಹತ್ತುತ್ತಿತ್ತು. ದೊಡ್ಡ ಟ್ರಾಂಬೋನಿನ ನೀರು ಬಿಡುವ ಕೀಲಿಯ ಸುತ್ತ ಹಸಿರು ಕಿಲುಬಿನ ಉಂಗುರ. ಹಿತ್ತಾಳೆಯ ಮೇಲಿನ ಮೆರುಗು ಲೇಪ (ಲ್ಯಾಕರ್) ಹೋಗಿದ್ದ ಕಡೆ ಬೆಲ್ಲಿನ ಮೇಲೆ ಕಪ್ಪು ಚುಕ್ಕೆ. ಸ್ಲೈಡ್ ಎಳೆದೆ. ಒಂದಿಂಚು ಬಂದು ನಿಂತಿತು. ಇನ್ನೂ ಜೋರಾಗಿ ಎಳೆಯಲು ಧೈರ್ಯ ಬರಲಿಲ್ಲ. ಬೆಂಗಳೂರಿಗೆ ಒಯ್ದು ರಿಪೇರಿ ಮಾಡಿಸಲು 2,200 ರೂಪಾಯಿ ಆಯಿತು, ಜೊತೆಗೆ ಎರಡು ವಾರ.

ಮಳೆ ಒಳಗೆ ಹೋಗಿರಲಿಲ್ಲ. ಒಳಗಿದ್ದದ್ದು ನನ್ನ ಉಸಿರಿನ ನೀರು. ಒಂದು ಗಂಟೆ ಊದಿದರೆ ಸ್ಲೈಡಿನೊಳಗೆ ಉಸಿರು ತಣ್ಣಗಾಗಿ ನೀರಾಗುತ್ತದೆ. ಕೀಲಿ ಒತ್ತಿ ಊದಿದರೆ ಬಹುಪಾಲು ಹೋಗುತ್ತದೆ, ಉಳಿದದ್ದು ನಳಿಕೆಗೆ ಅಂಟಿಕೊಂಡಿರುತ್ತದೆ. ಒಂದು ವಾದ್ಯ ಹಳೆ ಪ್ಲೈವುಡ್ ಪೆಟ್ಟಿಗೆಯಲ್ಲಿ, ಇನ್ನೊಂದು ಬಟ್ಟೆ ಚೀಲದಲ್ಲಿ ಇದ್ದಾಗ ಅದು ಹೇಗೋ ಆರಿ ಹೋಗುತ್ತಿತ್ತು. ಈಗ ಎರಡು ವಾದ್ಯದ ನೀರು, ದಪ್ಪ ಫೋಮು, ಗಾಳಿ ಆಡದ ಪೆಟ್ಟಿಗೆ. ಮಳೆಯನ್ನು ಹೊರಗೆ ತಡೆಯುವ ಅದೇ ರಬ್ಬರ್ ಪಟ್ಟಿ ತೇವವನ್ನು ಒಳಗೇ ಕೂಡಿಹಾಕಿತ್ತು. ಮಾಸ್ಟರು ಹೇಳಿದ ಬಟ್ಟೆಯ ಮಾತು ಆಗ ನೆನಪಾಯಿತು.

ಅಮ್ಮ ಬಾಗಿಲಲ್ಲಿ ನಿಂತು ನೋಡಿ ಕೇಳಿದರು, "ಹಸಿ ಕಾಫೀನ ಮೂಟೆ ಕಟ್ತೀವಾ? ಮತ್ತೆ ಇದನ್ನ ಯಾಕೆ ಹಂಗೆ ಕಟ್ಟಿಟ್ಟೆ?"

ನಮ್ಮದು ಎರಡೆಕರೆ ತೋಟ. ಹಣ್ಣು ಕಾಫಿಯನ್ನು ಕಣದಲ್ಲಿ ಹರಡಿ, ಮತ್ತೆ ಮತ್ತೆ ಕೈಯಾಡಿಸಿ, ಸಂಜೆ ರಾಶಿ ಮಾಡಿ ಮುಚ್ಚಿ, ಬೆಳಗ್ಗೆ ಮತ್ತೆ ಹರಡುತ್ತೇವೆ. ಒಂದು ಮುಷ್ಟಿ ತೆಗೆದು ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಅಲ್ಲಿಯವರೆಗೆ ಯಾರೂ ಚೀಲದ ಬಾಯಿ ಹೊಲಿಯಲ್ಲ. ಚಿಕ್ಕಂದಿನಿಂದ ಮಾಡಿದ ಕೆಲಸ. ಆ ದಿನದಿಂದ ಟ್ರಾಂಬೋನಿಗೂ ಅದನ್ನೇ ಮಾಡುತ್ತಿದ್ದೇನೆ.

ನುಡಿಸಿ ಮುಗಿದ ಕೂಡಲೇ ಕೀಲಿ ಒತ್ತಿ ಮೂರು ಸಲ ಊದುತ್ತೇನೆ. ಆಮೇಲೆ ಹೊರಗಿನ ಸ್ಲೈಡನ್ನು ಪೂರ್ತಿ ಬಿಚ್ಚುತ್ತೇನೆ. ಅಪ್ಪನ ಹಳೆ ಪಂಚೆಯನ್ನು ಅಂಗೈ ಅಗಲದ ಪಟ್ಟಿಗಳಾಗಿ ಹರಿದಿಟ್ಟಿದ್ದೇನೆ. ತೊಳೆದು ತೊಳೆದು ಮೆತ್ತಗಾದ ಬಟ್ಟೆ, ನೂಲು ಬಿಡಲ್ಲ. ಅದನ್ನು ಕಡ್ಡಿಗೆ ಸುತ್ತಿ, ಕಡ್ಡಿಯ ಲೋಹ ಎಲ್ಲೂ ಕಾಣದ ಹಾಗೆ ತುದಿ ಮುಚ್ಚಿ, ನಳಿಕೆಯೊಳಗೆ ಮೆಲ್ಲಗೆ ತಿರುಗಿಸುತ್ತಾ ಬಿಡುತ್ತೇನೆ. ತಳ ಮುಟ್ಟಿದಾಗ ಕೈಗೆ ಗೊತ್ತಾಗುತ್ತದೆ. ಹೊರಗೆ ಬಂದ ಬಟ್ಟೆಯ ತುದಿಯಲ್ಲಿ ಬೂದು ಬಣ್ಣದ ಒಂದು ಕಲೆ ಇರುತ್ತದೆ, ಸ್ಲೈಡ್ ಜಾರಲೆಂದು ಹಚ್ಚಿದ ಹಳೆ ಕ್ರೀಮು. ಬೇರೆ ಪಟ್ಟಿ ಸುತ್ತಿ ಮತ್ತೊಮ್ಮೆ. ಒಳ ನಳಿಕೆಗಳನ್ನು ಹೊರಗಿನಿಂದ ಒರೆಸುವಾಗ ತುದಿಯ ಕಡೆ ಸ್ವಲ್ಪ ದಪ್ಪಗಿರುವ ಭಾಗಕ್ಕೆ ಜಾಸ್ತಿ ಹೊತ್ತು ಕೊಡುತ್ತೇನೆ. ಕೊಳೆ ಕೂರುವುದು ಅಲ್ಲೇ.

ಕೇಸಿನ ಮುಚ್ಚಳ ತೆರೆದು ಬಚ್ಚಲ ಒಲೆಯ ಗೋಡೆಗೆ ಒರಗಿಸುತ್ತೇನೆ. ಬೆಂಕಿ ಇರುವ ಬದಿಗಲ್ಲ, ಅದರ ಈಚೆ ಬದಿಗೆ. ಹೊಗೆ ಬರಲ್ಲ, ಗೋಡೆ ಮಾತ್ರ ಹಿತವಾಗಿ ಬೆಚ್ಚಗಿರುತ್ತದೆ. ಮಳೆಗಾಲದಲ್ಲಿ ಶಾಲೆಯ ಯೂನಿಫಾರ್ಮ್ ಒಣಗಿಸುತ್ತಿದ್ದದ್ದೂ ಅದೇ ಗೋಡೆಗೆ. ಒಂದು ಗಂಟೆ ಬಿಟ್ಟು ಮಖಮಲ್ಲಿನ ಮೇಲೆ ಕೆನ್ನೆ ಇಟ್ಟು ನೋಡುತ್ತೇನೆ. ತಣ್ಣಗನಿಸಿದರೆ ಇನ್ನೂ ತೇವ ಇದೆ ಅಂತ. ಬೆಚ್ಚಗಿದ್ದರೆ ವಾದ್ಯ ಒಳಗೆ ಇಡಬಹುದು.

ಸಿಲಿಕಾ ಜೆಲ್ ಚೀಲಗಳು ಎರಡು, ತಲಾ ಒಂದು ಬೆಲ್ಲಿನ ಹತ್ತಿರ. ನೀಲಿ ಮಣಿಗಳು ತೇವ ಹೀರಿ ಗುಲಾಬಿ ಆಗುತ್ತವೆ. ಭಾನುವಾರ ಸಂಜೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಅದಕ್ಕೆ ಬೇರೆಯೇ ಒಂದು ಹಳೆ ಬಾಣಲೆ ಇಟ್ಟಿದ್ದೇನೆ. ಅಡುಗೆಯ ಪಾತ್ರೆಯಲ್ಲಿ ದಯವಿಟ್ಟು ಮಾಡಬೇಡಿ, ಆ ಬಣ್ಣ ವಿಷ.

ಕೊನೆಗೆ ಒಂದು ಗಟ್ಟಿ ನಿರ್ಧಾರ ಮಾಡಿದೆ. ಹಿಂಜಿನ ಹತ್ತಿರ ಒಂದು ಗೇಣು ಉದ್ದ ರಬ್ಬರ್ ಪಟ್ಟಿಯನ್ನು ಕಿತ್ತು ಹಾಕಿದೆ. ಗಾಳಿಗೆ ಒಂದು ದಾರಿ ಆಯಿತು. ಹೊರಗಿನ ಮಳೆಗೆ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಒಂದು ಕೊಪ್ಪೆ ಹೊಲಿಸಿದೆ. ತೋಟದ ಕೆಲಸಕ್ಕೆ ನಾವು ಹಾಕುವ ಕೊಪ್ಪೆಯದೇ ಆಕಾರ, ಮೇಲಿಂದ ಇಳಿಬಿಟ್ಟರೆ ಆಯಿತು. ಬಸ್ ಹತ್ತಿದ ಕೂಡಲೇ ತೆಗೆದು ಮಡಚುತ್ತೇನೆ. ಎರಡನೇ ಮಳೆಗಾಲದಲ್ಲಿ ಬೂಸು ಬರಲಿಲ್ಲ. ಮೂರನೆಯದರಲ್ಲಿ ಒಂದು ಮೂಲೆಯಲ್ಲಿ ಉಗುರಿನಷ್ಟು ಕಂಡಿತು, ಒರೆಸಿದೆ, ಮತ್ತೆ ಬರಲಿಲ್ಲ.

ಇಷ್ಟೆಲ್ಲ ಮಾಡುವಾಗ ಇನ್ನೊಂದು ಆಯಿತು. ಮೊದಲು ದೊಡ್ಡ ಟ್ರಾಂಬೋನ್ ಹೊರಗೆ ಬರುತ್ತಿದ್ದದ್ದು ಚರ್ಚಿಗೆ ಮಾತ್ರ. ಈಗ ಕೇಸ್ ತೆರೆದರೆ ಎರಡೂ ಕಣ್ಣೆದುರಿಗೆ. ಸಣ್ಣದರ ಸ್ಲೈಡ್ ಆರುವ ತನಕ ಸುಮ್ನೆ ಕೂರುವ ಬದಲು ದೊಡ್ಡದನ್ನು ಎತ್ತಿಕೊಳ್ಳುತ್ತೇನೆ. ಟ್ರಿಗರ್ ಒತ್ತಿ ಕೆಳಗಿನ ಸ್ವರಗಳನ್ನು ಒಂದೊಂದಾಗಿ, ಉಸಿರು ಮುಗಿಯುವ ತನಕ ಹಿಡಿಯುತ್ತೇನೆ. ಹೆಂಚಿನ ಮೇಲೆ ಮಳೆ ಬೀಳುವಾಗ ಪಕ್ಕದ ಮನೆಗೂ ಕೇಳಲ್ಲ. ದಿನಕ್ಕೆ ಹತ್ತು ಹದಿನೈದು ನಿಮಿಷ ಅಷ್ಟೇ. ಹೋದ ಕ್ರಿಸ್‌ಮಸ್‌ನಲ್ಲಿ ಗಾಯನ ತಂಡದ ಹಿರಿಯರೊಬ್ಬರು ತಿರುಗಿ ನೋಡಿ, ಈ ವರ್ಷ ತಳ ಗಟ್ಟಿಯಾಗಿದೆ ಅಂದರು. ನನಗೆ ಅದು ದೊಡ್ಡ ಮಾತು.

ಕೊಳ್ಳುವವರಿಗೆ ನನ್ನ ಅನುಭವದ ಎರಡು ಮಾತು. ನಿಮ್ಮ ಟ್ರಿಗರ್ ಟ್ರಾಂಬೋನಿನ ಹಿಂಬದಿ ನಳಿಕೆ ಸುರುಳಿ ಓಪನ್ ವ್ರ್ಯಾಪ್ (ಒತ್ತಾಗಿ ಸುತ್ತದೆ ಬಿಡಿಯಾಗಿ ಬಾಗಿಸಿದ ಬಗೆ) ಆಗಿದ್ದರೆ ಅಳತೆ ತೆಗೆಯದೆ ದುಡ್ಡು ಕೊಡಬೇಡಿ. ಅದು ಶ್ರುತಿ ಸರಿಮಾಡುವ ಟ್ಯೂನಿಂಗ್ ಸ್ಲೈಡಿಗಿಂತ ಹಿಂದಕ್ಕೆ ಚಾಚಿರುತ್ತದೆ, ಎಷ್ಟೋ ಕೇಸುಗಳಲ್ಲಿ ಕೂರಲ್ಲ. ನನ್ನದು ಹಳೆಯ ಬಗೆಯ ಒತ್ತು ಸುರುಳಿ, ಹಾಗಾಗಿ ಸರಿಹೋಯಿತು. ಇನ್ನೊಂದು, ಮೌತ್‌ಪೀಸಿಗೆ ಬೇರೆ ಬೇರೆ ಜೇಬು ಇದೆಯಾ ನೋಡಿ. ಸಣ್ಣ ಬೋರಿನದ್ದು ಸಣ್ಣ ಶ್ಯಾಂಕ್ (ವಾದ್ಯದೊಳಗೆ ಕೂರುವ ಬಾಲ), ದೊಡ್ಡದರದ್ದು ದೊಡ್ಡ ಶ್ಯಾಂಕ್. ಅವಸರದಲ್ಲಿ ಅದಲುಬದಲಾದರೆ ಒಂದು ಅಲುಗಾಡುತ್ತದೆ, ಇನ್ನೊಂದು ಒಳಗೇ ಹೋಗಲ್ಲ. ನಾನು ಒಂದಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಮೌತ್‌ಪೀಸನ್ನು ವಾದ್ಯದಲ್ಲೇ ಬಿಟ್ಟು ಇಡಲೇಬಾರದು, ಕಚ್ಚಿಕೊಂಡರೆ ಬಿಡಿಸುವುದು ಕಷ್ಟ.

ಒಂದೇ ಟ್ರಾಂಬೋನ್ ಒಯ್ಯುವ ದಿನ ಇದು ದಂಡ. ಅರ್ಧ ಖಾಲಿ ಪೆಟ್ಟಿಗೆಯನ್ನು ಹೊತ್ತು ತಿರುಗಬೇಕು, ಭಾರ ಒಂದು ಕಡೆಗೆ ವಾಲುತ್ತದೆ. ಅಂಥ ದಿನ ನಾನು ಹಳೆ ಬಟ್ಟೆ ಚೀಲವನ್ನೇ ತೆಗೆಯುತ್ತೇನೆ. ಕಾರು ಇರುವವರಿಗೆ ಎರಡು ಬೇರೆ ಕೇಸುಗಳೇ ವಾಸಿ, ಖರ್ಚೂ ಕಡಿಮೆ. ಬಸ್ಸಿನಲ್ಲಿ ಎರಡು ವಾದ್ಯ ಹೊತ್ತು ಓಡಾಡುವವರು ಕಣ್ಣುಮುಚ್ಚಿ ಜೋಡಿ ಕೇಸ್ ತೆಗೆದುಕೊಳ್ಳಿ. ಆದರೆ ಒಣಗಿಸಲು ದಿನಾ ಒಂದು ಗಂಟೆ ಎತ್ತಿಡಿ.

ಮುಚ್ಚಳದ ವೆಲ್ಕ್ರೋ ಪಟ್ಟಿಗಳಲ್ಲಿ ಎರಡು ಸೋತಿವೆ. ಸದ್ಯಕ್ಕೆ ಸ್ಲೈಡ್ ಅಲುಗದ ಹಾಗೆ ಪಂಚೆಯ ಪಟ್ಟಿಯಿಂದ ಕಟ್ಟಿದ್ದೇನೆ. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಬ್ಯಾಗ್ ಹೊಲಿಯುವವರೊಬ್ಬರು ಹೊಸದು ಹಾಕಿಕೊಡುತ್ತೇನೆ ಅಂದಿದ್ದಾರೆ. ಬರುವ ಶನಿವಾರ ರಿಸೆಪ್ಷನ್ನಿಗೆ ಹೋಗುವಾಗ ಎರಡು ಗಂಟೆ ಮುಂಚೆ ಹೊರಟು, ಅವರ ಅಂಗಡಿಯಲ್ಲೇ ಕೂತು ಹಾಕಿಸಿಕೊಂಡು ಹೋಗುತ್ತೇನೆ.